ದೊಡ್ಡ ಮಳಿಗೆ ಎದ್ದುಹೋದ ಮೇಲೆ ಮೇಳ ಯಾರದು?

ಓದುಗರ ಪತ್ರದ ಸಾರ: "ಕಳೆದ ಸಂಚಿಕೆಯಲ್ಲಿ ಆ್ಯಪಲ್ ಕಂಪನಿ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆಂದೇ ಪ್ರತಿ ವರ್ಷ ನಡೆಯುತ್ತಿದ್ದ ಮ್ಯಾಕ್‌ವರ್ಲ್ಡ್ ಪ್ರದರ್ಶನ ಬಿಟ್ಟ ವಿಚಾರ ಬರೆದು, ಅದರಿಂದ ನಷ್ಟವಾಯಿತು ಎಂದಿದ್ದೀರಿ. ಯಾರಿಗೆ ನಷ್ಟ? ಕಂಪನಿ ಅಲ್ಲಿಂದಾಚೆ ಬೆಳೆದದ್ದೇ ಬೆಳೆದದ್ದು. ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದೆ. ನಮ್ಮ ಕೊಡಗಿನ ಮೇಳಕ್ಕೂ ಈ ಸಲ ಯಂತ್ರೋಪಕರಣದ ದೊಡ್ಡ ಕಂಪನಿಯೊಂದು ಬರಲಿಲ್ಲ. ನಾನು ಮಾರುವ ಲ್ಯಾಪ್‌ಟಾಪ್ ಕಂಪನಿಯೂ ಬರಲಿಲ್ಲ. ಅವರಿಗೇ ಬೇಡವಾದ ಮೇಳ ನಮಗೇಕೆ? ಮುಂದಿನ ವರ್ಷ ನಾನೂ ಮಳಿಗೆ ಹಾಕುವುದಿಲ್ಲ." – ಕಂಪ್ಯೂಟರ್ ಅಂಗಡಿ ಮಾಲೀಕರು, ಸುಂಟಿಕೊಪ್ಪ

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಗೆ ನಾಲ್ಕು ಸಾಲಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಕೊನೆಯ ವಾಕ್ಯ ಓದಿದ ಮೇಲೆ ಮನಸ್ಸು ಒಪ್ಪಲಿಲ್ಲ. ನೀವು ಆ ನಿರ್ಧಾರವನ್ನು ಇನ್ನೊಮ್ಮೆ ಯೋಚಿಸಬೇಕು ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಂಪನಿಯ ಲೆಕ್ಕಾಚಾರದ ಬಗ್ಗೆ ನೀವು ಹೇಳಿದ್ದು ಸರಿ. ಆ್ಯಪಲ್ ತನ್ನ ನಿರ್ಧಾರ ಪ್ರಕಟಿಸಿದ್ದು 2008ರ ಡಿಸೆಂಬರ್ 16ರಂದು. ಮುಂದಿನ ತಿಂಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುವ ಮ್ಯಾಕ್‌ವರ್ಲ್ಡ್ ನಮ್ಮ ಪಾಲಿಗೆ ಕೊನೆಯದು, ಅಲ್ಲಿ ಭಾಷಣ ಮಾಡುವವರು ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅಲ್ಲ, ಮಾರುಕಟ್ಟೆ ವಿಭಾಗದ ಮುಖ್ಯಸ್ಥ ಫಿಲ್ ಶಿಲ್ಲರ್ ಎಂದಿತು. ಕೊಟ್ಟ ಕಾರಣ ಇಷ್ಟೇ: ನಮ್ಮ ಸ್ವಂತ ಮಳಿಗೆಗಳಿಗೆ ವಾರಕ್ಕೆ 35 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ, ನಮ್ಮ ವೆಬ್‌ಸೈಟ್ ಇದೆ, ಗ್ರಾಹಕರನ್ನು ಮುಟ್ಟುವುದಕ್ಕೆ ವ್ಯಾಪಾರ ಮೇಳದ ಪಾತ್ರ ಈಗ ತೀರಾ ಸಣ್ಣದು. ಇದು ದಿಢೀರ್ ನಿರ್ಧಾರವೂ ಆಗಿರಲಿಲ್ಲ. ನ್ಯೂಯಾರ್ಕಿನ ಮ್ಯಾಕ್‌ವರ್ಲ್ಡ್, ಟೋಕಿಯೋದ ಮ್ಯಾಕ್‌ವರ್ಲ್ಡ್, ಪ್ಯಾರಿಸ್‌ನ ಆ್ಯಪಲ್ ಎಕ್ಸ್‌ಪೋ, ಲಾಸ್ ವೇಗಸ್‌ನಲ್ಲಿ ನಡೆಯುವ ಪ್ರಸಾರ ತಂತ್ರಜ್ಞಾನದ ಮೇಳ, ಹೀಗೆ ಒಂದೊಂದರಿಂದಲೂ ಕಾಲು ತೆಗೆಯುತ್ತಲೇ ಬಂದಿತ್ತು.

ಪ್ರಕಟಣೆಯಲ್ಲಿ ಹೇಳದ ಕಷ್ಟವೂ ಒಂದಿತ್ತು, ಅದು ದಿನಾಂಕದ್ದು. ಮ್ಯಾಕ್‌ವರ್ಲ್ಡ್ ನಡೆಸುತ್ತಿದ್ದುದು ಆ್ಯಪಲ್ ಅಲ್ಲ, ಅದೇ ಹೆಸರಿನ ಪತ್ರಿಕೆ ಹೊರಡಿಸುತ್ತಿದ್ದ ಪ್ರಕಾಶನ ಸಮೂಹ. ಜನವರಿ ಮೊದಲ ವಾರಗಳಲ್ಲಿ ಮೇಳ ಎಂದರೆ, ಕ್ರಿಸ್‌ಮಸ್ ಮುಗಿಯುವುದರೊಳಗೆ ಹೊಸ ಸರಕು ಸಿದ್ಧವಿರಲೇಬೇಕು. ಸಿದ್ಧವಿಲ್ಲದಿದ್ದರೆ "ಈ ವರ್ಷ ಏನೂ ಇಲ್ಲ" ಎಂಬ ಮಾತು. ಹೊಸದು ಬರುತ್ತದೆಂಬ ಗುಮಾನಿ ಹುಟ್ಟಿದರೋ, ಡಿಸೆಂಬರಿನಲ್ಲಿ ಕೊಳ್ಳಬೇಕಾದವರು ಕೈಕಟ್ಟಿ ಕೂರುತ್ತಾರೆ. ಬೇರೆಯವರು ಗೊತ್ತುಮಾಡಿದ ಮುಹೂರ್ತಕ್ಕೆ ತಾನೇಕೆ ಓಡಬೇಕು ಎಂದು ಕಂಪನಿಗೆ ಅನ್ನಿಸಿದರೆ ತಪ್ಪೆನ್ನಲಾರೆ.

ಆದರೆ ಅದು ವೇದಿಕೆಯನ್ನೇ ಬಿಡಲಿಲ್ಲ ಎಂಬುದನ್ನೂ ಗಮನಿಸಿ. 2010ರ ಜನವರಿ 27ರಂದು ಐಪ್ಯಾಡ್ ತೋರಿಸಿದ್ದು ಅದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ತಾನೇ ಆರಿಸಿದ ಸಭಾಂಗಣದಲ್ಲಿ, ತಾನೇ ಕರೆದ ಅತಿಥಿಗಳ ಮುಂದೆ. ಆ ವರ್ಷದ ಮ್ಯಾಕ್‌ವರ್ಲ್ಡ್ ನಡೆದದ್ದು ಫೆಬ್ರವರಿಯಲ್ಲಿ. ಎಲ್ಲರೂ ಸೇರುವ ಜಾಗ ಬಿಟ್ಟು, ತನ್ನದೇ ಅಂಗಳಕ್ಕೆ ಜನರನ್ನು ಕರೆಸಿಕೊಂಡಿತು. ದೊಡ್ಡವರಿಗೆ ಅದು ಸಾಧ್ಯ. ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ, ನಷ್ಟ ಯಾರಿಗೆ?

ಮ್ಯಾಕ್‌ವರ್ಲ್ಡ್ ಶುರುವಾದದ್ದು 1985ರಲ್ಲಿ. ಅಲ್ಲಿ ಆ್ಯಪಲ್ ಮಳಿಗೆಯ ಸುತ್ತ ನೂರಾರು ಸಣ್ಣ ಮಳಿಗೆಗಳಿರುತ್ತಿದ್ದವು. ಮ್ಯಾಕ್‌ಗೆ ಹೊಂದುವ ಪ್ರಿಂಟರ್, ಕೇಬಲ್, ಚೀಲ ಮಾಡುವವರು, ಇಬ್ಬರು ಮೂವರೇ ಕೂತು ತಂತ್ರಾಂಶ ಬರೆಯುವವರು. ಅವರ ಹತ್ತಿರ ಸ್ವಂತ ಅಂಗಡಿ ಸಾಲು ಇರಲಿಲ್ಲ, ಜಾಹೀರಾತಿಗೆ ದುಡ್ಡಿರಲಿಲ್ಲ. ಗ್ರಾಹಕರ ಮುಖ ನೋಡಲು, ದೂರು ಕೇಳಲು, ಸಗಟು ಕೊಳ್ಳುವವನನ್ನು ಹಿಡಿಯಲು ವರ್ಷಕ್ಕೊಮ್ಮೆ ಸಿಗುತ್ತಿದ್ದ ಜಾಗ ಅದು. ಜನ ಬರುತ್ತಿದ್ದದ್ದು ಆ್ಯಪಲ್ ನೋಡಲು, ಹಿಂತಿರುಗುವಾಗ ಚೀಲದಲ್ಲಿ ಇರುತ್ತಿದ್ದದ್ದು ಈ ಸಣ್ಣವರ ಸರಕು. ಆ್ಯಪಲ್ ಹೋದ ಮೇಲೆ ಮೇಳ ಕೆಲವು ವರ್ಷ ಹೆಸರು ಬದಲಿಸಿಕೊಂಡು ಉಸಿರು ಹಿಡಿಯಿತು. 2014ರಲ್ಲಿ ಸದ್ಯಕ್ಕೆ ನಿಲ್ಲಿಸಿದ್ದೇವೆ ಎಂದರು, ಮತ್ತೆ ನಡೆಯಲಿಲ್ಲ. ಮ್ಯಾಕ್‌ವರ್ಲ್ಡ್ ಪತ್ರಿಕೆಯ ಅಚ್ಚಿನ ಆವೃತ್ತಿಯೂ ಅದೇ ವರ್ಷ ನಿಂತಿತು. ಸಣ್ಣ ಪತ್ರಿಕೆ ನಡೆಸುವ ನನಗೆ ಆ ಸುದ್ದಿ ಆಗ ಬಹಳ ನೋವು ಕೊಟ್ಟಿತ್ತು.

ಇನ್ನೊಂದು ಮಾತು ಹೇಳದೆ ಇರಲಾರೆ. 1997ರ ಆಗಸ್ಟ್‌ನಲ್ಲಿ ಆ್ಯಪಲ್ ಮುಳುಗಿಯೇ ಹೋಯಿತು ಎಂದು ಜನ ಮಾತಾಡಿಕೊಳ್ಳುತ್ತಿದ್ದಾಗ, ಬಾಸ್ಟನ್ನಿನ ಮ್ಯಾಕ್‌ವರ್ಲ್ಡ್‌ನಲ್ಲೇ ಜಾಬ್ಸ್ ನಿಂತು, ಪ್ರತಿಸ್ಪರ್ಧಿ ಮೈಕ್ರೋಸಾಫ್ಟ್ 15 ಕೋಟಿ ಡಾಲರ್ ಹೂಡುತ್ತಿದೆ ಎಂದು ಹೇಳಿದ್ದು. ದೊಡ್ಡ ಪರದೆಯ ಮೇಲೆ ಬಿಲ್ ಗೇಟ್ಸ್ ಮುಖ ಕಂಡಾಗ ಸಭೆ ಕೂಗಾಡಿತು. ಕೂಗಾಡಿದವರು ಯಾರು? ಅಂಗಡಿಗಳಲ್ಲಿ ಮ್ಯಾಕ್ ಮೂಲೆ ಸೇರಿದ್ದ ಕಾಲದಲ್ಲೂ ಅದನ್ನೇ ಹುಡುಕಿ ಕೊಂಡವರು. 2007ರಲ್ಲಿ ಐಫೋನ್ ತೋರಿಸಿದ್ದೂ ಇದೇ ಮೇಳದಲ್ಲಿ. ಕಷ್ಟಕಾಲದಲ್ಲಿ ಜೊತೆಗಿದ್ದ ಜಾಗವನ್ನು ಒಳ್ಳೆಯ ದಿನ ಬಂದಾಗ ಬಿಟ್ಟುಹೋಗುವುದು ಕಾನೂನಿಗೆ ತಪ್ಪಲ್ಲ, ವ್ಯಾಪಾರದ ರೀತಿಗೂ ತಪ್ಪಲ್ಲ. ನನ್ನ ಮನಸ್ಸು ಮಾತ್ರ ಅದನ್ನು ಇಂದಿಗೂ ಒಪ್ಪುವುದಿಲ್ಲ.

ಹಾಗಾದರೆ ದೊಡ್ಡವರು ಹೋದರೆ ಮೇಳ ಸಾಯಲೇಬೇಕೆ? ಲಾಸ್ ವೇಗಸ್‌ನ ಕಂಪ್ಯೂಟರ್ ಮೇಳ ಕಾಮ್‌ಡೆಕ್ಸ್ 1979ರಲ್ಲಿ ಹುಟ್ಟಿ, ದೊಡ್ಡ ಹೆಸರುಗಳು ಒಂದೊಂದಾಗಿ ಹೊರನಡೆದ ಮೇಲೆ 2003ಕ್ಕೆ ಕೊನೆಯಾಯಿತು. ಜರ್ಮನಿಯ ಹ್ಯಾನೋವರ್‌ನ ಸೆಬಿಟ್ 2018ರಲ್ಲಿ ಮುಚ್ಚಿತು. ತೈಪೆಯ ಕಂಪ್ಯೂಟೆಕ್ಸ್ ಮಾತ್ರ 1981ರಿಂದ ನಡೆದುಕೊಂಡು ಬಂದಿದೆ. ಅಲ್ಲಿಗೂ ದೊಡ್ಡ ಕಂಪನಿಗಳು ಬರುತ್ತವೆ, ಆದರೆ ಮೇಳದ ಬುಡ ಇರುವುದು ತೈವಾನಿನ ಬಿಡಿಭಾಗ ತಯಾರಕರಲ್ಲಿ. ಮದರ್‌ಬೋರ್ಡ್, ಫ್ಯಾನ್, ಕ್ಯಾಬಿನೆಟ್, ಪವರ್ ಸಪ್ಲೈ ಮಾಡುವವರು ಸಾಲುಸಾಲಾಗಿ ಕೂತಿರುತ್ತಾರೆ. ಕೊಳ್ಳಲು ಬರುವವನಿಗೆ ಇವರೆಲ್ಲ ಬೇಕು. ಒಬ್ಬ ಬರಲಿಲ್ಲವೆಂದರೆ ಪಕ್ಕದವನ ಹತ್ತಿರ ಹೋಗುತ್ತಾನೆ. ಮ್ಯಾಕ್‌ವರ್ಲ್ಡ್‌ಗೆ ಆ ಭಾಗ್ಯ ಇರಲಿಲ್ಲ, ಹೆಸರಿನಲ್ಲೇ ಒಂದು ಕಂಪನಿಯ ಯಂತ್ರಕ್ಕೆ ಕಟ್ಟಿಹಾಕಿಕೊಂಡಿತ್ತು.

ನಮ್ಮ ಕೊಡವ ಕೌಟುಂಬಿಕ ಹಾಕಿಯನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ್ದು. ಒಂದು ವರ್ಷ ಒಂದು ಒಕ್ಕ (ಮನೆತನ) ಅದರ ಹೊಣೆ ಹೊತ್ತರೆ, ಮರುವರ್ಷ ಇನ್ನೊಂದು ಒಕ್ಕ ಹೊರುತ್ತದೆ. ಯಾರೋ ಒಬ್ಬ ಶ್ರೀಮಂತ ಪ್ರಾಯೋಜಕ ಕೈಬಿಟ್ಟನೆಂದು ನಿಂತುಹೋಗುವ ಹಬ್ಬ ಅದಲ್ಲ.

ಮೇಳದಲ್ಲಿ ಏನು ಸಿಗುತ್ತದೆ, ಫೋನಿನಲ್ಲಿ ಯಾವುದು ಸಿಗುವುದಿಲ್ಲ ಎಂದು ನೀವು ಕೇಳಬಹುದು. ನೀವು ಹೇಳುವ ಇದೇ ಮೇಳದಲ್ಲಿ, ದೊಡ್ಡ ಕಂಪನಿಗೆಂದು ಬಿಟ್ಟಿದ್ದ ಖಾಲಿ ಜಾಗದ ಹಿಂದೆ, ತಗಡಿನ ಚಪ್ಪರದಡಿ ಒಬ್ಬ ಹುಡುಗ ಕಾಫಿಯ ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ಇಟ್ಟುಕೊಂಡು ಕೂತಿದ್ದ. ಹಿರಿಯ ಬೆಳೆಗಾರರೊಬ್ಬರು ಜುಬ್ಬಾದ ಜೇಬಿನಿಂದ ಕರವಸ್ತ್ರದ ಗಂಟು ತೆಗೆದರು. ಒಳಗೆ ಅವರ ಕಣದ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ. ಸಿಪ್ಪೆ ಬಿಡಿಸಿ ಬೇಳೆಯನ್ನು ಮೀಟರಿಗೆ ಹಾಕಿದರು. ಬಂದ ಅಂಕಿ ನೋಡಿ, ಇನ್ನೊಮ್ಮೆ ಹಾಕು ಎಂದರು. ಮತ್ತೆ ಅದೇ ಅಂಕಿ. ವ್ಯಾಪಾರಿಯ ಮೀಟರಿನಲ್ಲಿ ಇದೇ ಕಾಫಿಗೆ ಹೆಚ್ಚು ತೇವಾಂಶ ತೋರಿಸಿ ರೇಟಿನಲ್ಲಿ ಕಡಿತ ಮಾಡಿದ್ದರಂತೆ. ಅವರು ಅಲ್ಲೇ ಬೆಂಚಿನ ಮೇಲೆ ಕೂತು ಹುಡುಗನ ಹತ್ತಿರ ಮೀಟರನ್ನು ಸರಿಹೊಂದಿಸುವುದು ಹೇಗೆ, ಬ್ಯಾಟರಿ ಕಮ್ಮಿಯಾದರೆ ಅಂಕಿ ತಪ್ಪುತ್ತದೆಯೇ, ಬಿಸಿ ಕಾಫಿ ಹಾಕಿದರೆ ಏನಾಗುತ್ತದೆ ಎಂದು ಒಂದೊಂದಾಗಿ ಕೇಳಿದರು. ಅಷ್ಟರಲ್ಲಿ ಸುತ್ತ ಇನ್ನೂ ನಾಲ್ಕು ಜನ ಸೇರಿ, ಇಷ್ಟು ಚೆರಿಗೆ ಎಷ್ಟು ಬೇಳೆ ಎಂಬ ತಮ್ಮ ತಮ್ಮ ಓಟಿ (ಔಟ್‌ಟರ್ನ್) ಲೆಕ್ಕ ತೆಗೆದರು. ಫೋನಿನಲ್ಲಿ ಅದೇ ಮೀಟರ್ ಬೆಲೆ ಸಮೇತ ಸಿಗುತ್ತದೆ, ನಿಜ. ಜೇಬಿನಲ್ಲಿ ತಂದ ಕಾಫಿಯನ್ನು ಅದಕ್ಕೆ ಹಾಕಿ ನೋಡಲು ಆಗುವುದಿಲ್ಲ, ಪಕ್ಕದ ತೋಟದವರ ಅನುಭವವೂ ಅದರ ಜೊತೆ ಬರುವುದಿಲ್ಲ.

ಕೊಡಗಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಹಿಂದೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಬೋರ್ಡಿನ ಪೂಲ್ ಇದ್ದಾಗ ಬೆಳೆಗಾರರು ಕೊಯ್ದ ಕಾಫಿಯನ್ನು ಪೂಲಿಗೆ ಹಾಕುತ್ತಿದ್ದರು, ಹಣ ಕಂತಿನಲ್ಲಿ ಬರುತ್ತಿತ್ತು. ಮಾರಾಟ ಬೋರ್ಡಿನ ತಲೆನೋವು. 1990ರ ದಶಕದಲ್ಲಿ ಹಂತಹಂತವಾಗಿ ಅದು ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ಅಂದಿನಿಂದ ಹತ್ತೆಕರೆ ತೋಟದವರೂ ತಾವೇ ವ್ಯಾಪಾರಿಗಳು. ಕೊಳ್ಳುವವನನ್ನು ಹುಡುಕಬೇಕು, ದರ ಕುದುರಿಸಬೇಕು, ತಮ್ಮ ಕಾಫಿ ಹೇಗಿದೆ ಎಂದು ತಮಗೇ ಗೊತ್ತಿರಬೇಕು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಅರಮನೆಯಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆಯಿತಲ್ಲ, ಏಷ್ಯಾದಲ್ಲಿ ಅದೇ ಮೊದಲು. ಅಂಥವು ಬೇಕು. ಆದರೆ ಸೋಮವಾರಪೇಟೆಯ ಒಳಗಿನ ಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಬರುವುದು ಎಷ್ಟು ಮಂದಿ ಸಣ್ಣ ಬೆಳೆಗಾರರಿಗೆ ಸಾಧ್ಯ? ಅವರಿಗೆ ಹತ್ತಿರದಲ್ಲೇ ಒಂದು ಮೇಳ ಉಳಿಯಬೇಕು.

ಅದು ಉಳಿಯಬೇಕಾದರೆ ಈಗಿನ ಏರ್ಪಾಡು ಬದಲಾಗಲೇಬೇಕು. ಪ್ರವೇಶದ್ವಾರದ ಎದುರಿನ ಜಾಗವನ್ನೆಲ್ಲ ದೊಡ್ಡ ಕಂಪನಿಗೆ ಮೀಸಲಿಟ್ಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿಯವರನ್ನು, ಜೇನು ಸಾಕುವವರನ್ನು, ಮೆಣಸು ಬಿಡಿಸುವ ಯಂತ್ರ ಮಾಡುವವರನ್ನು ಹಿಂದಿನ ಕೆಸರಿಗೆ ತಳ್ಳಿದರು. ಕಂಪನಿ ಬರಲಿಲ್ಲ, ಎದುರಿಗೆ ಖಾಲಿ ಅಂಗಳ ಕಂಡಿತು, ಮೇಳ ಬಿದ್ದುಹೋಯಿತು ಎಂಬ ಸುದ್ದಿ ಹಬ್ಬಿತು. ಹಿಂದಿನ ಸಾಲಿನಲ್ಲಿ ವ್ಯಾಪಾರ ಚೆನ್ನಾಗಿಯೇ ಇತ್ತು. ಇನ್ನು ದಿನಾಂಕ. ಡಿಸೆಂಬರಿನಿಂದ ಕೊಯ್ಲಿನ ಗಡಿಬಿಡಿ, ಆಮೇಲೆ ಹೂಮಳೆಗೆ ಕಾಯುವುದು, ಸ್ಪ್ರಿಂಕ್ಲರ್ ಓಡಿಸುವುದು. ಏಪ್ರಿಲ್, ಮೇ ಎಂದರೆ ಹಾಕಿ, ಮದುವೆ. ಜೂನಿನಿಂದ ಮಳೆ. ಕೈಲ್‌ಪೊಳ್ದ್ ಹಬ್ಬ ಮುಗಿದು ಕಾವೇರಿ ಸಂಕ್ರಮಣ ಬರುವುದರೊಳಗೆ, ಅಂದರೆ ಸೆಪ್ಟೆಂಬರ್ ಮೊದಲಿನಿಂದ ಅಕ್ಟೋಬರ್ ನಡುವಿನವರೆಗೆ, ಸಿಗುವ ದಿನಗಳೇ ಬೆಳೆಗಾರರಿಗೆ ಅನುಕೂಲ. ಈ ಸಲ ದಿನಾಂಕ ಗೊತ್ತುಮಾಡಿದ್ದು ಕಂಪನಿಯ ಪ್ರತಿನಿಧಿಗಳ ಬಿಡುವು ನೋಡಿ. ಕೊನೆಗೆ ಅವರೂ ಬರಲಿಲ್ಲ, ಕೊಯ್ಲು ಬಿಟ್ಟು ನಮ್ಮವರಲ್ಲೂ ಹಲವರಿಗೆ ಬರಲಾಗಲಿಲ್ಲ.

ನಿಮ್ಮ ಮಳಿಗೆಯ ವಿಚಾರ. ನಿಮ್ಮ ಪತ್ರದ ನಡುವೆ, ಮೇಲಿನ ಸಾರದಲ್ಲಿ ನಾನು ಬಿಟ್ಟಿರುವ ಒಂದು ಸಾಲಿದೆ. ನಿಮ್ಮ ಅಂಗಡಿಗೆ ಬರುವವರು ಆನ್‌ಲೈನಿನಲ್ಲಿ ಬೆಲೆ ನೋಡಿಕೊಂಡೇ ಬಂದರೂ, ಕೀಬೋರ್ಡ್ ಒತ್ತಿ ನೋಡದೆ, ಕೆಟ್ಟರೆ ಯಾರು ನೋಡುತ್ತಾರೆ ಎಂದು ಕೇಳದೆ ದುಡ್ಡು ಕೊಡುವುದಿಲ್ಲ ಎಂದು ಬರೆದಿದ್ದೀರಿ. ಕೆಟ್ಟರೆ ನೋಡುವವರು ನೀವು. ಲ್ಯಾಪ್‌ಟಾಪ್ ಕಂಪನಿಯ ಹೆಸರಿನ ಬ್ಯಾನರ್ ಇಲ್ಲದೆಯೂ ನೀವು ಕೂರಬಹುದು. ಮಳೆಗಾಲದ ತೇವಕ್ಕೆ ಹಾಳಾದ ಅಡಾಪ್ಟರ್, ಸಿಡಿಲಿಗೆ ಸುಟ್ಟ ರೂಟರ್ ತಂದು ತೋರಿಸಿ ಎಂದು ಒಂದು ಬೋರ್ಡ್ ಬರೆದು ಹಾಕಿ, ತೋಟದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆಯುವುದು ಹೇಗೆ ಎಂದು ನಾಲ್ಕು ಜನರಿಗೆ ತೋರಿಸಿ. ಆ ಕೆಲಸಕ್ಕೆ ಯಾವ ಕಂಪನಿಯ ಅನುಮತಿಯೂ ಬೇಡ.

ಸಣ್ಣ ಮಳಿಗೆಗಳಿಗೆ ಬಾಡಿಗೆ ಇಳಿಸಬೇಕು, ಎದುರಿನ ಸಾಲನ್ನು ಸ್ಥಳೀಯರಿಗೇ ಕೊಡಬೇಕು, ದಿನಾಂಕವನ್ನು ಬೆಳೆಗಾರರನ್ನು ಕೇಳಿ ಗೊತ್ತುಮಾಡಬೇಕು ಎಂದು ಮೇಳದ ಸಮಿತಿಗೆ ಕೊಡಲು ಒಂದು ಮನವಿ ಬರೆದಿದ್ದೇನೆ. ಈ ಸಲ ಹಿಂದಿನ ಸಾಲಿನಲ್ಲಿ ಕೂತಿದ್ದವರ ಸಹಿ ಹಾಕಿಸುತ್ತಿದ್ದೇನೆ. ಶುಕ್ರವಾರ ಸಂತೆಗೆ ಮಡಿಕೇರಿಗೆ ಬಂದಾಗ ನಮ್ಮ ಕಚೇರಿಗೆ ಬನ್ನಿ. ಮನವಿ ಓದಿ, ಸೇರಿಸಬೇಕಾದದ್ದಿದ್ದರೆ ಸೇರಿಸಿ, ಒಪ್ಪಿಗೆಯಾದರೆ ನೀವೂ ಸಹಿ ಹಾಕಿ.

– ಸಂಪಾದಕ