ಲಕ್ಷ್ಮಿ ಹೊಲ ಕೇಳಿದ್ಲೇನ್ರಿ?

ಪ್ರಶ್ನೆ: ಮಾಸ್ತರರೇ, ಟಿ.ವಿ. ಹಚ್ಚಿದರೆ ಯುದ್ಧದ್ದೇ ಸುದ್ದಿ. ನಮ್ಮ ಅಳಿಯಂದಿರು ‘ಎಲ್ಲ ಯುದ್ಧಕ್ಕೂ ಧರ್ಮವೇ ಮೂಲ, ತಾಳಿಕೋಟಿ ಯುದ್ಧ ಸಾಕಲ್ಲ ಸಾಕ್ಷಿಗೆ’ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ, ಆದರೆ ಏನು ಹೇಳಬೇಕೆಂದು ತೋಚಲಿಲ್ಲ. ಯುದ್ಧಕ್ಕೆ ಧರ್ಮ ಹೊಣೆಯೋ, ಅಲ್ಲವೋ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಅಳಿಯಂದಿರು ತಾಳಿಕೋಟಿಯನ್ನೇ ಎತ್ತಿದ್ದು ಚಲೋ ಆಯಿತು. ನಾನು ಮುದ್ದೇಬಿಹಾಳ ತಾಲ್ಲೂಕಿನವನು. ಆ ಯುದ್ಧಕ್ಕೆ ರಕ್ಕಸತಂಗಡಿ ಎಂಬ ಇನ್ನೊಂದು ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ ಎರಡೂ ನಾನು ಸೈಕಲ್ ತುಳಿದ ಊರುಗಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಆ ಯುದ್ಧದ ಪಾಠ ಮಾಡಿದ್ದೇನೆ, ಅದರಲ್ಲಿ ಇಪ್ಪತ್ತು ವರ್ಷ ಅರ್ಧ ತಪ್ಪು ಮಾಡಿದ್ದೇನೆ. ಎರಡನ್ನೂ ಹೇಳುತ್ತೇನೆ.

ಮೊದಲು ಸರಿಯಿದ್ದ ಅರ್ಧ. 1565ರ ಜನವರಿಯಲ್ಲಿ ಒಂದು ಕಡೆ ವಿಜಯನಗರದ ಅಳಿಯ ರಾಮರಾಯ, ಇನ್ನೊಂದು ಕಡೆ ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರಿನ ಸುಲ್ತಾನರು. ಇಷ್ಟೇ ಹೇಳಿದರೆ ನಿಮ್ಮ ಅಳಿಯಂದಿರು ಗೆದ್ದಂತೆಯೇ. ಆದರೆ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಗದ್ದುಗೆ ಏರುವ ಮುನ್ನ, ಅಣ್ಣನ ಕೈಗೆ ಸಿಗಬಾರದೆಂದು ಓಡಿಬಂದು ಏಳು ವರ್ಷ ಅನ್ನ ಉಂಡದ್ದು ವಿಜಯನಗರದಲ್ಲಿ. ಬಿಜಾಪುರದ ಅಲಿ ಆದಿಲ್ ಶಾಹ ರಾಮರಾಯನ ಮಗ ತೀರಿಹೋದಾಗ ಮಾತನಾಡಿಸಿಕೊಂಡು ಹೋಗಲು ತಾನೇ ವಿಜಯನಗರಕ್ಕೆ ಬಂದಿದ್ದ, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಆಮೇಲೆ ಇದೇ ಅಲಿ, ಇದೇ ಇಬ್ರಾಹಿಂ ರಾಮರಾಯನ ಜೊತೆಗೂಡಿ ಅಹ್ಮದ್‌ನಗರದ ಮೇಲೆ ಏರಿಹೋದರು. ಐದನೆಯ ಸುಲ್ತಾನ, ವರಾಡದವನು (ಬೇರಾರ್), ಅಹ್ಮದ್‌ನಗರದ ಮೇಲಿನ ಸಿಟ್ಟಿಗೆ ರಕ್ಕಸಗಿ ಕಡೆ ಮುಖವನ್ನೇ ಹಾಕಲಿಲ್ಲ. ಅವನದೂ ಅದೇ ಧರ್ಮ.

ನಾಲ್ವರು ಒಂದಾದದ್ದು ಹೇಗೆ? ಮದುವೆಯಿಂದ. ಅಹ್ಮದ್‌ನಗರದ ಹುಸೇನ್ ನಿಜಾಂ ಶಾಹನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟರು, ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದರು. ನಮ್ಮ ಕಡೆ ಇದಕ್ಕೆ ಸಾಟಿ ಮದುವೆ ಅನ್ನುತ್ತಾರೆ. ಚಾಂದಬೀಬಿಯ ಜೊತೆ ಬಳುವಳಿಯಾಗಿ ಬಂದದ್ದು ಸೊಲ್ಲಾಪುರದ ಕೋಟೆ. ಆ ಕೋಟೆಗಾಗಿ ಎರಡೂ ಮನೆತನದವರು ಅದೆಷ್ಟು ಸಲ ತಲೆ ಒಡೆದುಕೊಂಡಿದ್ದರೋ! ಬರೀ ದೇವರ ಕೆಲಸಕ್ಕೆ ಹೊರಟವರಿಗೆ ಬಳುವಳಿಯ ಮಾತೇಕೆ ಬೇಕಿತ್ತು? ಯುದ್ಧ ಮುಗಿದ ಮೇಲೆ ರಾಯಚೂರು, ಮುದಗಲ್ಲು ಅಲಿಯ ಪಾಲಿಗೆ ಬಂದವು. ಕೆಲವೇ ವರ್ಷಗಳಲ್ಲಿ ಅವನು ಪೆನುಕೊಂಡೆಯ ಮೇಲೆ ಹೋದಾಗ ರಾಮರಾಯನ ತಮ್ಮ ತಿರುಮಲ ಸಹಾಯ ಕೇಳಿದ್ದು ಯಾರನ್ನು? ತನ್ನ ಅಣ್ಣನ ತಲೆ ಕಡಿಸಿದ ಅಹ್ಮದ್‌ನಗರದ ಮನೆತನವನ್ನೇ. ಅವರು ಬಂದರು ಕೂಡ! ರಕ್ಕಸಗಿಯಲ್ಲಿ ಹೆಗಲು ಕೊಟ್ಟಿದ್ದ ಬೀದರನ್ನು 1619ರಲ್ಲಿ ಬಿಜಾಪುರವೇ ನುಂಗಿತು.

ಇಷ್ಟು ಹೇಳಿ ನಾನು ಸೀಮೆಸುಣ್ಣ ಕೆಳಗಿಡುತ್ತಿದ್ದೆ. ‘ಧರ್ಮದ್ದು ಬರೀ ಹೆಸರು, ಜಗಳ ಹೊಲದ್ದು’ ಅಂತ ಬರೆಸುತ್ತಿದ್ದೆ. ಒಂದು ವರ್ಷ ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಹಂಪಿಗೆ ಕರೆದೊಯ್ದೆ. ಲಕ್ಷ್ಮೀನರಸಿಂಹನ ಮುಂದೆ ನಿಂತು, 1528ರಲ್ಲಿ ಕೃಷ್ಣದೇವರಾಯ ಒಂದೇ ಬಂಡೆಯಲ್ಲಿ ಕೆತ್ತಿಸಿದ್ದು, ಎತ್ತರ 6.7 ಮೀಟರ್ ಅಂತೆಲ್ಲ ಒದರುತ್ತಿದ್ದೆ. ಅವನ ತೊಡೆಯ ಮೇಲಿದ್ದ ಲಕ್ಷ್ಮಿ ಈಗಿಲ್ಲ. ಹಿಂದೆ ಹೋಗಿ ನೋಡಿದರೆ ಗಂಡನ ಬೆನ್ನು ಬಳಸಿದ ಅವಳ ಕೈಯೊಂದು ಉಳಿದಿದೆ. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಆ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: ‘ಸರ್, ಜಗಳ ಹೊಲದ್ದು ಅಂದ್ರಲ್ರಿ. ಈಕಿನ್ಯಾಕ ಒಡದ್ರಿ? ಲಕ್ಷ್ಮಿ ಹೊಲ ಕೇಳಿದ್ಲೇನ್ರಿ?’

ಹೊಟ್ಟೆಯೊಳಗೆ ಕಲ್ಲು ಬಿದ್ದಂತಾಯಿತು. ‘ಬಸ್ಸಿಗೆ ಹೊತ್ತಾಯ್ತು, ನಡೀರಿ’ ಅಂದೆ. ಮಾಸ್ತರರಿಗೆ ಉತ್ತರ ಗೊತ್ತಿಲ್ಲದಾಗ ಬಸ್ಸಿಗೆ ಹೊತ್ತಾಗುತ್ತದೆ.

ಅವಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಂಪಿಯಲ್ಲಲ್ಲ, ನನ್ನದೇ ಊರಲ್ಲಿ. ಕೃಷ್ಣೆಗೆ ಅಣೆಕಟ್ಟಾಗಿ ನಮ್ಮ ಸೀಮೆಯ ಹೊಲಗಳು ಮುಳುಗಡೆಯಾಗುತ್ತಿದ್ದ ಕಾಲ. ಪರಿಹಾರದ ದುಡ್ಡು ಉತಾರದಲ್ಲಿ, ಅಂದರೆ ಹೊಲದ ಸರಕಾರಿ ದಾಖಲೆಯಲ್ಲಿ, ಹೆಸರಿದ್ದವರಿಗೆ. ಒಂದೂವರೆ ಎಕರೆ ಎರಿ ಹೊಲ, ಬದುವಿನ ಮೇಲೊಂದು ಬೇವಿನ ಗಿಡ. ಉತಾರ ಒಬ್ಬರ ಹೆಸರಲ್ಲಿ, ಅಜ್ಜನ ಕಾಲದಿಂದ ಸಾಗುವಳಿ ಇನ್ನೊಬ್ಬರದು. ಒಬ್ಬರು ಹಿಂದೂ, ಇನ್ನೊಬ್ಬರು ಮುಸಲ್ಮಾನರು. ಅಲ್ಲಿಯವರೆಗೆ ಇದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ನಮ್ಮೂರ ಮೊಹರಂ ಅಂದರೆ ಅಲಾಯಿಯ ಬೆಂಕಿ ಕುಣಿ ತೋಡುವವರು, ಕಟ್ಟಿಗೆ ತರುವವರು, ಹೆಜ್ಜೆ ಹಾಕುವವರು ಎಲ್ಲ ಸಮಾಜದವರು. ದೇವರು, ಅಂದರೆ ಮೊಹರಂನ ಪಂಜಾ, ಹೊರಟಾಗ ಹನುಮಪ್ಪನ ಗುಡಿಯ ಮುಂದೆ ಒಂದು ಗಳಿಗೆ ನಿಲ್ಲುವುದು, ಅಲ್ಲಿ ಒಂದು ಕೊಡ ನೀರು ಹಾಕುವುದು ರೂಢಿ.

ಆ ವರ್ಷ ಉತಾರ ಇದ್ದವರ ಮನೆಯಿಂದ ಮಾತು ಹೊರಟಿತು: ದೇವರು ಗುಡಿಯ ಮುಂದೆ ಬರಬಾರದು. ಠಾಣೆಗೆ ಅರ್ಜಿ ಬೇಕಿತ್ತು. ಅಕ್ಷರ ಚೆನ್ನಾಗಿದೆಯೆಂದು ನನ್ನ ಹತ್ತಿರ ಬಂದರು, ಸಂಬಂಧಿಕರು ಬೇರೆ. ಬರೆದುಕೊಟ್ಟೆ. ಒಂದೂವರೆ ಪುಟದ ಅರ್ಜಿಯಲ್ಲಿ ‘ಹೊಲ’ ಎಂಬ ಶಬ್ದ ಒಂದು ಸಲವೂ ಇರಲಿಲ್ಲ. ‘ಧಾರ್ಮಿಕ ಭಾವನೆಗಳಿಗೆ ಧಕ್ಕೆ’ ಅಂತ ಮೂರು ಕಡೆ ಬರೆದೆ. ಶಾಲೆಯಲ್ಲಿ ‘ಜಗಳ ಹೊಲದ್ದು’ ಎಂದು ಬರೆಸುತ್ತಿದ್ದ ಕೈ ಅದೇ.

ಮೊಹರಂನ ಕತ್ತಲ ರಾತ್ರಿ ಕಲ್ಲು ಬಿದ್ದವು. ಏಳು ಜನರಿಗೆ ಹೊಲಿಗೆ ಹಾಕಿದರು. ಆ ಏಳರಲ್ಲಿ ಒಬ್ಬನಿಗೂ ಆ ಹೊಲದಲ್ಲಿ ಪಾಲಿರಲಿಲ್ಲ. ಕೂಲಿ ಮಾಡುವವರು, ಹತ್ತನೆಯ ಇಯತ್ತೆ ಫೇಲಾದವರು, ಇಬ್ಬರು ನನ್ನದೇ ವಿದ್ಯಾರ್ಥಿಗಳು. ಹೊಲಕ್ಕಾಗಿ ಕಲ್ಲು ಎತ್ತಿ ಅಂದಿದ್ದರೆ ‘ಎಷ್ಟು ಕೊಡ್ತಿ?’ ಎಂದು ಕೇಳುತ್ತಿದ್ದರು. ದೇವರಿಗಾಗಿ ಅಂದದ್ದಕ್ಕೆ ಪುಕ್ಕಟೆ ಬಂದರು. ಅವರು ನಾಟಕ ಮಾಡಲಿಲ್ಲ, ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. ಸುಳ್ಳು ಬರೆದವನು ನಾನು. ಕಲ್ಲು ಎಸೆದವರು ನಂಬಿದ್ದರು.

ಪರಿಹಾರದ ದುಡ್ಡನ್ನು ಎರಡು ಮನೆಯವರು ವರ್ಷದೊಳಗೆ ಅರ್ಧರ್ಧ ಮಾಡಿಕೊಂಡರು. ಹೊಲ ನೀರಿನಡಿ ಹೋಯಿತು, ಬೇವಿನ ಗಿಡ ಕೂಡ. ದೇವರು ಇವತ್ತಿಗೂ ಗುಡಿಯ ಹಿಂದಿನ ಸಂದಿಯಲ್ಲೇ ಹೋಗುತ್ತದೆ.

ಆದ್ದರಿಂದ ಸ್ವಾಮಿ, ಅಳಿಯಂದಿರಿಗೆ ಹೀಗೆ ಹೇಳಿ. ಜಗಳ ಹುಟ್ಟಿಸಿದ್ದಕ್ಕೆ ಧರ್ಮವನ್ನು ಹಿಡಿದರೆ ತಾಳಿಕೋಟಿಯಲ್ಲಿ ಸಾಕ್ಷಿ ಸಾಲದು. ಆದರೆ ಹೊಲವಿಲ್ಲದವನ ಕೈಗೆ ಕಲ್ಲು ಕೊಟ್ಟದ್ದಕ್ಕೆ, ಪಾಲು ಹಂಚಿಕೆ ಮುಗಿದ ಮೇಲೂ ಸಿಟ್ಟನ್ನು ಉಳಿಸಿದ್ದಕ್ಕೆ ಅದು ಉತ್ತರ ಕೊಡಲೇಬೇಕು. ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಸ್ತಾ ಒಂದು ತಲೆಮಾರಿನ ನಂತರ ಇತಿಹಾಸ ಬರೆಯುವಾಗ, ಅಹ್ಮದ್‌ನಗರದಲ್ಲಿ ರಾಮರಾಯನ ಸೈನಿಕರು ಮಸೀದಿಗಳಿಗೆ ಅಪಚಾರ ಮಾಡಿದ್ದೇ ಸುಲ್ತಾನರ ಸಿಟ್ಟಿಗೆ ಕಾರಣ ಅಂತ ಬರೆದ. ಆ ದಂಡಿನಲ್ಲಿ ಅಲಿಯೂ ಇದ್ದನಲ್ಲ! ಫೆರಿಸ್ತಾನನ್ನು ಓದುವಾಗಲೆಲ್ಲ ನನಗೆ ನನ್ನ ಅರ್ಜಿ ನೆನಪಾಗುತ್ತದೆ. ಆ ಹುಡುಗಿಗೂ ಇದನ್ನೇ ಹೇಳಬೇಕಿತ್ತು. ಈಗ ಅವಳಿಗೇ ಎಂಟನೆಯ ಇಯತ್ತೆಯ ಮಗ ಇರಬಹುದು.

ಪ್ರಶ್ನೆ: ಜಗತ್ತಿನಲ್ಲಿ ಧರ್ಮವೇ ಇಲ್ಲದಿದ್ದರೆ ಯುದ್ಧವೂ ಇರುತ್ತಿರಲಿಲ್ಲ ಅಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ದೇವರನ್ನು ಸರಕಾರಿ ಲೆಕ್ಕದಿಂದ ತೆಗೆದುಹಾಕಿದ ಸೋವಿಯತ್ ರಷ್ಯಾ ಮತ್ತು ಚೀನಾ 1969ರಲ್ಲಿ ಉಸ್ಸೂರಿ ಎಂಬ ಹೊಳೆಯ ನಡುಗಡ್ಡೆಗಾಗಿ ಗುಂಡು ಹಾರಿಸಿಕೊಂಡವು. 1979ರಲ್ಲಿ ಚೀನಾ ವಿಯೆಟ್ನಾಮಿನ ಮೇಲೆ ಹೋಯಿತು. ಎರಡೂ ಕೆಂಬಾವುಟದ ಸರಕಾರಗಳೇ. ಇನ್ನು ಧರ್ಮದ ಹೆಸರಲ್ಲೇ ಹೊರಟವರನ್ನು ನೋಡಿ. 1095ರಲ್ಲಿ ಪೋಪ್ ಎರಡನೇ ಅರ್ಬನ್ ಜೆರುಸಲೇಮಿಗೆ ನಡೆಯಿರೆಂದು ಕರೆ ಕೊಟ್ಟಾಗ ನಂಬಿ ಹೊರಟವರು ಬಹಳ, ಅದನ್ನು ಹೊಲದ ಜಗಳ ಅಂದರೆ ನಾನು ಮತ್ತೆ ಹಳೇ ತಪ್ಪು ಮಾಡಿದಂತೆ. ಆದರೆ ಅದೇ ಶಿಲುಬೆ ಹೊತ್ತ ಇನ್ನೊಂದು ಸೈನ್ಯ 1204ರಲ್ಲಿ ಸೂರೆ ಮಾಡಿದ್ದು ಕಾನ್‌ಸ್ಟಾಂಟಿನೋಪಲ್ ಅನ್ನು, ಕ್ರೈಸ್ತರ ಪಟ್ಟಣವನ್ನು. 1914ರ ನವೆಂಬರಿನಲ್ಲಿ ತುರ್ಕಿಯ ಖಲೀಫ ಜಿಹಾದ್ ಸಾರಿದಾಗ ಅವನ ಪಕ್ಕದಲ್ಲಿ ನಿಂತವರು ಜರ್ಮನಿ, ಆಸ್ಟ್ರಿಯಾದ ಕ್ರೈಸ್ತ ಚಕ್ರವರ್ತಿಗಳು. ಎದುರು ನಿಂತವನು, 1916ರಲ್ಲಿ, ಮೆಕ್ಕಾವನ್ನು ಆಳುತ್ತಿದ್ದ ಷರೀಫ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಆ ತುರ್ಕಿಗಳ ಮೇಲೆ ಕುದುರೆ ನುಗ್ಗಿಸಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಆ ಕಡೆ ಹೋದಾಗ ಒಮ್ಮೆ ಬಸ್ಸಿಳಿದು ನೋಡಿ.

ಪ್ರಶ್ನೆ: ಮುಂದಿನ ತಿಂಗಳು ಮಕ್ಕಳೊಂದಿಗೆ ರಕ್ಕಸತಂಗಡಿ ಯುದ್ಧಭೂಮಿ ನೋಡಲು ಬರಬೇಕೆಂದಿದ್ದೇವೆ. ಅಲ್ಲಿ ಏನೇನಿದೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ತಾಳಿಕೋಟಿಗೆ ಹೋಗಬೇಡಿ, ಅಲ್ಲಿ ಸುಲ್ತಾನರ ದಂಡು ಬೀಡು ಬಿಟ್ಟಿತ್ತು ಅಷ್ಟೇ. ರಕ್ಕಸಗಿ, ತಂಗಡಗಿ ಕೃಷ್ಣೆಯ ಈ ದಡದಲ್ಲಿವೆ. ಸುಲ್ತಾನರು ಹೊಳೆ ದಾಟಿ ಹೋದರು, ಕಾದಾಟ ನಡೆದದ್ದು ಆಚೆ ದಡದಲ್ಲಿ. ಗೋಲಗುಮ್ಮಟದಂಥ ಗುರುತು ಕಾಣುತ್ತದೆಂದು ಬಂದರೆ ಮಕ್ಕಳು ಬೇಸರಪಡುತ್ತಾರೆ. ಜೋಳದ ಹೊಲ, ಹಿನ್ನೀರು, ಬೆಳ್ಳಕ್ಕಿ. ತಂಗಡಗಿಯಲ್ಲಿ ಬಸವಣ್ಣನವರ ಮಡದಿ ನೀಲಮ್ಮ ಐಕ್ಯಳಾದ ಜಾಗವಿದೆ. ಊರವರಿಗೆ ‘ಯುದ್ಧದ ಜಾಗ ಯಾವುದು?’ ಎಂದು ಕೇಳಿ ನೋಡಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಮಂದಿ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ, ‘ನೀಲಮ್ಮನ ಗುಡೀನ್ರಿ? ಹಿಂಗ ಹೊಳಿ ಕಡಿ ಇಳೀರಿ’ ಅಂತ ಕೈ ತೋರಿಸುತ್ತಾರೆ. ಬುತ್ತಿ ಕಟ್ಟಿಕೊಂಡು ಬನ್ನಿ, ಹತ್ತಿರದಲ್ಲಿ ಒಳ್ಳೆ ಖಾನಾವಳಿ ಇಲ್ಲ.