ಹೊಸದಾಗಿ ಲೀಡರ್ ಆದವರು ಯಾವ ಅಭ್ಯಾಸ ಬೆಳೆಸಿಕೊಳ್ಳಬೇಕು? ಒಬ್ಬ ಮಾಜಿ ಡೇರಿ ಅಧ್ಯಕ್ಷನ ಉತ್ತರ

ಎಂಟು ಜನರ ಟೀಮ್‌ಗೆ ಲೀಡರ್ ಮಾಡಿದ್ದಾರೆ, ಬೆಳಗ್ಗೆ ಐದಕ್ಕೆ ಏಳಬೇಕಾ, ಗಟ್ಟಿಯಾಗಿ ಮಾತಾಡುವುದನ್ನು ಕಲಿಯಬೇಕಾ, ಎಲ್ಲದಕ್ಕೂ ತಕರಾರು ತೆಗೆಯುವ ಒಬ್ಬ ಸೀನಿಯರ್‌ನನ್ನು ಸುಮ್ಮನಾಗಿಸುವುದು ಹೇಗೆ ಅಂತ ಕೇಳಿದ್ದೀರಿ. ಓದುತ್ತಿದ್ದರೆ ಇದನ್ನು ನಾನೇ ಬರೆದಿದ್ದೇನೋ ಅನಿಸಿತು. ನೀವು ಆಫೀಸಿನವರು. ನಾನು ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘಕ್ಕೆ, ಅಂದರೆ ನಾವು ಡೇರಿ ಅನ್ನುತ್ತೀವಲ್ಲ ಅದಕ್ಕೆ, ಅಧ್ಯಕ್ಷನಾಗಿದ್ದವನು. ಪರವಾಗಿಲ್ಲ, ಓದಿ.

ಐದು ಗಂಟೆಯ ವಿಷಯ ಮೊದಲು ಮುಗಿಸಿಬಿಡೋಣ. ಬೇಗ ಏಳುವುದೇ ನಾಯಕತ್ವ ಆಗಿದ್ದರೆ ನಮ್ಮೂರಲ್ಲಿ ಹಸು ಕಟ್ಟಿರುವ ಒಬ್ಬೊಬ್ಬ ಹೆಂಗಸೂ ಮಂತ್ರಿ ಆಗಿರಬೇಕಿತ್ತು. ಏಳಿ, ಆರೋಗ್ಯಕ್ಕೆ ಒಳ್ಳೆಯದು. ಗಟ್ಟಿ ಮಾತೂ ಅಷ್ಟೇ. ನನ್ನ ದನಿ ಮೊದಲೇ ದೊಡ್ಡದು, ಅದರಿಂದ ನನಗೆ ಆದದ್ದು ನಷ್ಟವೇ.

ನಾನು ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಊರಿಗೆ ಬಂದು ಹಸು ಕಟ್ಟಿದವನು. ಓದಿದವನು, ಕಂಪ್ಯೂಟರ್ ಗೊತ್ತು, ನಮ್ಮ ಹಾಲು ಕೊಳ್ಳುವ ಹಾಲು ಒಕ್ಕೂಟದ ಅಧಿಕಾರಿಗಳ ಹತ್ತಿರ ಮಾತಾಡಬಲ್ಲ ಅಂತ ನಿರ್ದೇಶಕರನ್ನಾಗಿ ಮಾಡಿದರು, ಆಮೇಲೆ ಅಧ್ಯಕ್ಷನನ್ನಾಗಿಯೂ ಮಾಡಿದರು. ಹೊಸತರಲ್ಲಿ ಒಂದು ತರಬೇತಿಗೆ ಕಳಿಸಿದರು. ಪಾಠ ಹೇಳಲು ಬಂದವರು ಕಣಗಿನಹಾಳದಿಂದ ಶುರು ಮಾಡಿದರು. ಗದಗದ ಹತ್ತಿರದ ಆ ಊರಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಥೆ. ಚೆನ್ನಾಗಿ ಹೇಳುತ್ತಿದ್ದರು. ಅದನ್ನೇ ಮುಂದುವರಿಸಿದ್ದರೆ ಸಾಕಿತ್ತು. ಊಟವಾದ ಮೇಲೆ ಅದೇನೋ ಮ್ಯಾನೇಜ್‌ಮೆಂಟ್ ಸ್ಲೈಡ್‌ಗಳು ಬಂದವು. ಅದರಲ್ಲಿ ಒಂದು ಸಾಲು: ನನ್ನ ಹತ್ತಿರ ಸಮಸ್ಯೆ ತರಬೇಡಿ, ಪರಿಹಾರ ತನ್ನಿ.

ಆಹಾ, ಎಷ್ಟು ಚೆಂದ ಇದೆ ಅನಿಸಿತು. ನಿಮಗೂ ಯಾರಾದರೂ ಇದನ್ನು ಹೇಳಿಯೇ ಇರುತ್ತಾರೆ. ಇಲ್ಲದಿದ್ದರೆ ಈ ವರ್ಷದೊಳಗೆ ಹೇಳುತ್ತಾರೆ.

ನಮ್ಮ ಡೇರಿಯಲ್ಲಿ ಒಬ್ಬ ಸಹಾಯಕ ಇದ್ದ. ಹೆಸರು ಬೇಡ. ಕ್ಯಾನ್ ತೊಳೆಯುವುದು, ಹಾಲು ಅಳೆಯುವುದು, ಬಿಎಂಸಿ ನೋಡಿಕೊಳ್ಳುವುದು ಅವನ ಕೆಲಸ. ಬಿಎಂಸಿ ಅಂದರೆ ಹಾಲು ತಂಪು ಮಾಡುವ ದೊಡ್ಡ ಸ್ಟೀಲ್ ತೊಟ್ಟಿ. ಕೆಚ್ಚಲಿಂದ ಬಂದ ಹಾಲು ಮೈಯಷ್ಟೇ ಬೆಚ್ಚಗಿರುತ್ತದೆ. ಅದನ್ನು ಕೆಲವೇ ಗಂಟೆಯಲ್ಲಿ 4 ಡಿಗ್ರಿಗೆ ಇಳಿಸಬೇಕು. ಇಳಿದರೆ ಹಾಲು ಉಳಿಯುತ್ತದೆ, ಇಳಿಯದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಹುಳಿಯಾಗುತ್ತದೆ. ಅಷ್ಟೇ ಲೆಕ್ಕ. ಎಲ್ಲರ ಮನೆಯ ಹಾಲೂ ಒಂದೇ ತೊಟ್ಟಿಗೆ ಬೀಳುವುದರಿಂದ ಹೋದರೆ ಎಲ್ಲರದ್ದೂ ಒಟ್ಟಿಗೇ ಹೋಗುತ್ತದೆ.

ಈ ಹುಡುಗ ಬಾಯಿಬಡುಕ. ದಿನಾ ಏನಾದರೂ ಒಂದು ಹೇಳುತ್ತಿದ್ದ. ಫ್ಯಾನ್ ಸದ್ದು ಮಾಡ್ತಿದೆ, ಜನರೇಟರ್ ಒಂದೇ ಸಲಕ್ಕೆ ಸ್ಟಾರ್ಟ್ ಆಗಲ್ಲ, ಇಂಥವರ ಹಾಲು ಇವತ್ತು ವಾಸನೆ ಇತ್ತು. ಅರ್ಧದಷ್ಟು ಏನೂ ಇಲ್ಲದ ವಿಷಯ. ತರಬೇತಿಯಿಂದ ಬಂದ ಮೇಲೆ ಒಂದು ಸಂಜೆ, ಹಾಲು ಹಾಕುವವರು ಸಾಲಾಗಿ ನಿಂತಿರುವಾಗ, ಅವನು ಜನರೇಟರ್ ಬ್ಯಾಟರಿ ವೀಕ್ ಆಗಿದೆ ಅಂತ ಶುರು ಮಾಡಿದ. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ‘ಬರೀ ಸಮಸ್ಯೆ ಹೇಳೋಕೆ ಬರಬೇಡ. ಪರಿಹಾರ ಇದ್ದರೆ ಬಾ.’ ಸಾಲಿನಲ್ಲಿದ್ದವರು ನಕ್ಕರು. ಅವನೂ ನಕ್ಕ. ನನಗೆ ಬಹಳ ಖುಷಿಯಾಯಿತು.

ನಾನು ಮಾಡಿದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಜನರ ಮುಂದೆ ಬೈದೆ, ಅವನಿಗೆ ಬೇಜಾರಾಯಿತು ಅಂದುಕೊಳ್ಳುತ್ತಾರೆ. ಅದಲ್ಲ. ನಮ್ಮ ಕಡೆ ಬೈಗುಳ ಮಾಮೂಲಿ, ಬೈದು ಹತ್ತು ನಿಮಿಷಕ್ಕೆ ಜೊತೆಗೆ ಟೀ ಕುಡಿಯುತ್ತೇವೆ. ತಪ್ಪು ಇರುವುದು ಆ ಸಾಲಿನ ಒಳಗೇ. ಒಂದು ಕೆಡುಕನ್ನು ಮೊದಲು ಕಾಣುವವನು ಯಾರು? ಕೆಳಗಿನವನು, ದಿನಾ ಅದರ ಪಕ್ಕ ನಿಲ್ಲುವವನು. ಅದನ್ನು ಸರಿ ಮಾಡುವ ಶಕ್ತಿ ಯಾರಿಗಿದೆ? ದುಡ್ಡಿಗೆ ಸಹಿ ಹಾಕುವವನಿಗೆ, ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಅವನು ಎತ್ತುವಂಥವನಿಗೆ. ಈ ಇಬ್ಬರೂ ಒಬ್ಬರೇ ಆಗಿರುವುದು ಅಪರೂಪ. ನಾನು ಏನು ಮಾಡಿದೆ ಅಂದರೆ, ಸರಿ ಮಾಡಲಾಗದವನು ಹೇಳಲೂ ಬಾರದು ಅಂತ ಕಾನೂನು ಮಾಡಿದೆ. ಅವನ ಸಂಬಳಕ್ಕೆ ಹೊಸ ಬ್ಯಾಟರಿ ಎಲ್ಲಿಂದ ತರಬೇಕು? ಅವನ ಹತ್ತಿರ ಪರಿಹಾರ ಇರಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡ. ಸಾಲಿನಲ್ಲಿ ನಿಂತು ನಕ್ಕವರೂ ಅವತ್ತೇ ಕಲಿತರು. ಅದು ನನಗೆ ಆಮೇಲೆ ಗೊತ್ತಾಯಿತು. ಫ್ಯಾಟ್ ನೋಡುವ ಮೆಷಿನ್ ಕಡಿಮೆ ತೋರಿಸುತ್ತಿದೆ ಅಂತ ಇಬ್ಬರು ಹೆಂಗಸರಿಗೆ ಅನುಮಾನ ಇತ್ತಂತೆ. ನನ್ನವರೆಗೆ ಬರಲೇ ಇಲ್ಲ. ಕಾರ್ಯದರ್ಶಿ ಪಶು ಆಹಾರದ ಬಾಕಿ ಬೆಳೆಯುತ್ತಿರುವುದನ್ನು ಹೇಳಲಿಲ್ಲ, ವಸೂಲಿ ಮಾಡಿಯೇ ಹೇಳೋಣ ಅಂತ ಇದ್ದರಂತೆ.

ಇನ್ನೊಂದು ವಿಷಯ ಹೇಳಲು ನಾಚಿಕೆ. ಆ ತಿಂಗಳುಗಳು ನನಗೆ ತುಂಬಾ ಹಿತವಾಗಿದ್ದವು. ಡೇರಿಗೆ ಹೋದರೆ ಯಾರದ್ದೂ ದೂರಿಲ್ಲ. ಎಲ್ಲಾ ಸರಿ ಇದೆಯಾ ಅಂದರೆ ಎಲ್ಲಾ ಸರಿ ಇದೆ ಸಾರ್. ಆಡಳಿತ ಸುಧಾರಿಸಿತು ಅಂತ ಮನೆಯಲ್ಲಿ ಕೊಚ್ಚಿಕೊಂಡೆ.

ಏಪ್ರಿಲ್ ಬಂತು. ನಮ್ಮ ಕಡೆ ಏಪ್ರಿಲ್ ಅಂದರೆ ಗೊತ್ತಲ್ಲ. ತೊಟ್ಟಿಯ ಮೀಟರ್ 4ಕ್ಕೆ ಬಂದು ನಿಲ್ಲುತ್ತಿರಲಿಲ್ಲ, 7, 8 ತೋರಿಸುತ್ತಿತ್ತು. ಹುಡುಗ ನೋಡಿದ್ದ. ತನಗೆ ತಿಳಿದ ಹಾಗೆ ಹಿಂದಿನ ಜಾಲರಿಯ ಧೂಳು ಹೊಡೆದ, ನೀರು ಹಾಕಿ ತೊಳೆದ, ಒಂದು ಡಿಗ್ರಿ ಇಳಿಯಿತು. ಪರಿಹಾರ ಹುಡುಕುತ್ತಿದ್ದ ಪಾಪ! ಒಂದು ರಾತ್ರಿ ಮಳೆಗಾಳಿಗೆ ಲೈನ್ ಹರಿದು ಕರೆಂಟ್ ಹೋಯಿತು. ತೊಟ್ಟಿಯಲ್ಲಿ ಸರಿಯಾಗಿ ತಣ್ಣಗಾಗದ ಬೆಳಗಿನ ಹಾಲು, ಅದರ ಮೇಲೆ ಆಗಷ್ಟೇ ಸುರಿದ ಬೆಚ್ಚಗಿನ ಸಂಜೆ ಹಾಲು. ಜನರೇಟರ್ ಗುರ್ ಅಂತು, ಸ್ಟಾರ್ಟ್ ಆಗಲಿಲ್ಲ. ಅದೇ ಬ್ಯಾಟರಿ. ಅವನು ಊರಲ್ಲಿ ಟ್ರ್ಯಾಕ್ಟರ್ ಇದ್ದವರ ಮನೆಗಳಿಗೆ ಬ್ಯಾಟರಿ ಕೇಳಿಕೊಂಡು ಅಲೆದ. ಒಂದು ಸಿಕ್ಕಿತು, ಹೊಂದಲಿಲ್ಲ. ನನ್ನ ಮನೆ ಡೇರಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ನನ್ನನ್ನು ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ಒಕ್ಕೂಟದವರಿಗೆ ಫೋನ್ ಮಾಡಿ ರಾತ್ರಿಯೇ ಟ್ಯಾಂಕರ್ ತರಿಸಲು ನೋಡಬಹುದಿತ್ತು, ಪಕ್ಕದ ಊರಿನ ಡೇರಿಯ ತೊಟ್ಟಿಗೆ ಕ್ಯಾನ್‌ಗಳಲ್ಲಿ ಸಾಗಿಸಬಹುದಿತ್ತು.

ಬೆಳಗ್ಗೆ ಟ್ಯಾಂಕರ್ ಬಂತು. ಒಂದಿಷ್ಟು ಹಾಲು ಕುದಿಸಿ ನೋಡುತ್ತಾರೆ, ಸಿಓಬಿ ಅನ್ನುತ್ತಾರೆ ಅದಕ್ಕೆ. ಒಡೆಯಿತು. ಇನ್ನೊಮ್ಮೆ ನೋಡಿ ಅಂದೆ. ಮತ್ತೆ ಒಡೆಯಿತು. ಅಷ್ಟೂ ಹಾಲನ್ನು ಪಂಪ್ ಹಾಕಿ ಹೊರಗಿನ ಗುಂಡಿಗೆ ಬಿಟ್ಟೆವು. ಇಡೀ ಊರಿನ ಒಂದು ದಿನದ ಹಾಲು. ಆ ಬೀದಿಯಲ್ಲಿ ವಾಸನೆಗೆ ಎಷ್ಟೋ ದಿನ ಓಡಾಡಲಾಗಲಿಲ್ಲ. ಹಾಲು ಹಾಕಿದವರಿಗೆ ಸಂಘದಿಂದಲೇ ಬಟವಾಡೆ ಮಾಡಿದೆವು, ಅವರದ್ದೇನು ತಪ್ಪು? ಆದರೆ ಅದು ಸಂಘದ ಲಾಭದಲ್ಲಿ ಸದಸ್ಯರಿಗೆ ಹಂಚುವ ಬೋನಸ್‌ನಿಂದ ಹೋಯಿತು. ಅಂದರೆ ಕೊನೆಗೆ ಅವರ ದುಡ್ಡೇ.

ಸಭೆಯಲ್ಲಿ ಹುಡುಗನನ್ನು ಕೆಲಸದಿಂದ ತೆಗೆಯಿರಿ ಅಂತ ಗಲಾಟೆ. ರಾತ್ರಿ ಯಾಕೆ ಹೇಳಲಿಲ್ಲ ಅಂತ ನಾನೇ ಕೇಳಿದೆ ನೋಡಿ, ಅಷ್ಟು ಮಂಕು ಕವಿದಿತ್ತು ನನಗೆ. ಅವನು ಅಂದ, ‘ಪರಿಹಾರ ಇದ್ರೆ ಬಾ ಅಂದಿದ್ರಲ್ಲ ಸಾರ್, ಬ್ಯಾಟರಿ ಹುಡುಕ್ತಾ ಇದ್ದೆ.’ ವ್ಯಂಗ್ಯ ಅಲ್ಲ. ನಿಜವಾಗಿಯೂ ಹಾಗೇ ತಿಳಿದಿದ್ದ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, ‘ಅವನ್ನ ಬೈಬೇಡಿ, ಅವತ್ತು ನಾವೂ ಅಲ್ಲೇ ಇದ್ವಿ’ ಅಂದರು. ಹುಡುಗನ ಕೆಲಸ ಉಳಿಯಿತು. ಮುಂದಿನ ಚುನಾವಣೆಯಲ್ಲಿ ನನ್ನದು ಉಳಿಯಲಿಲ್ಲ.

ಚುನಾವಣೆಗೆ ಇನ್ನೂ ಸಮಯ ಇತ್ತು, ಅಷ್ಟರಲ್ಲಿ ನಾನು ಬದಲಿಸಿಕೊಂಡದ್ದನ್ನು ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

‘ಎಲ್ಲಾ ಸರಿ ಇದೆಯಾ’ ಅಂತ ಕೇಳುವುದನ್ನು ಬಿಟ್ಟೆ. ಆ ಪ್ರಶ್ನೆಗೆ ಒಂದೇ ಉತ್ತರ, ಹೌದು. ಅದರ ಬದಲು ‘ಇವತ್ತು ಯಾವುದು ಕೈಕೊಡೋ ಹಾಗಿದೆ?’ ಅಂತ ಕೇಳುತ್ತಿದ್ದೆ. ಮೊದಲ ಕೆಲವು ವಾರ ಏನೂ ಇಲ್ಲ ಅಂದರು. ಯಾರು ನಂಬುತ್ತಾರೆ? ಆಮೇಲೆ ಒಂದು ದಿನ ಕಾರ್ಯದರ್ಶಿ ಪಶು ಆಹಾರದ ಬಾಕಿಯ ವಿಷಯ ಬಾಯಿಬಿಟ್ಟರು. ಮೊತ್ತ ಕೇಳಿ ತಲೆ ತಿರುಗಿತು. ಆದರೆ ಅವರು ನನ್ನ ಮುಖ ನೋಡುತ್ತಿದ್ದರು. ಎಲ್ಲರೂ ನೋಡುವುದು ಅದನ್ನೇ, ಮೊದಲ ಎರಡು ಸೆಕೆಂಡಿನ ಮುಖ. ‘ಹೇಳಿದ್ದು ಒಳ್ಳೇದಾಯ್ತು, ಎಷ್ಟು ಜನರದ್ದು?’ ಅಂದೆ. ಬೈಯುವುದಿತ್ತು, ಮಾರನೆಯ ದಿನ ಒಬ್ಬರನ್ನೇ ಕೂರಿಸಿ ಬೈದೆ. ಬೈಯಬೇಡಿ ಅಂತ ನಾನು ಹೇಳುವುದಿಲ್ಲ. ಕೆಟ್ಟ ಸುದ್ದಿ ತಂದದ್ದಕ್ಕೆ ಬೈಯಬೇಡಿ, ತಡವಾಗಿ ತಂದದ್ದಕ್ಕೆ ಬೈಯಿರಿ. ಈ ಎರಡರ ವ್ಯತ್ಯಾಸ ಎದುರಿಗಿರುವವನಿಗೂ ಸ್ಪಷ್ಟವಾಗಿ ಗೊತ್ತಾಗಬೇಕು.

ಇನ್ನೊಂದು, ನಿಯಮ ಮೊದಲು ನಿಮ್ಮ ಮೇಲೆ ಬೀಳಬೇಕು, ಅದೂ ಎಲ್ಲರ ಎದುರಿಗೆ. ನಮ್ಮಲ್ಲಿ ಹಾಲಿಗೆ ದರ ಸಿಗುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ. ಎಸ್‌ಎನ್‌ಎಫ್ ಅಂದರೆ ಕೊಬ್ಬು, ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ. ಬೇಸಿಗೆಯಲ್ಲಿ ಮೇವು ಸರಿ ಇಲ್ಲದಿದ್ದರೆ ನೀರು ಬೆರೆಸದಿದ್ದರೂ ಎಸ್‌ಎನ್‌ಎಫ್ ಇಳಿಯುತ್ತದೆ. ಒಮ್ಮೆ ನನ್ನ ಹಾಲಿನದ್ದೇ ಇರಬೇಕಾದ 8.5 ಪರ್ಸೆಂಟ್‌ಗಿಂತ ಕೆಳಗೆ ಬಂತು. ಟೆಸ್ಟರ್ ಮೆಷಿನ್ ತಟ್ಟಿ, ಇನ್ನೊಂದು ಸಲ ನೋಡೋಣ ಸಾರ್ ಅಂದ. ಬೇರೆಯವರಿಗೆ ಹೀಗೆ ಎರಡು ಸಲ ನೋಡುತ್ತೀಯಾ ಅಂದೆ. ಇಲ್ಲ ಅಂದ. ಹಾಗಾದರೆ ಬರೆ ಅಂದೆ. ಆ ಸಂಜೆ ದರ ಕಡಿಮೆಯೇ ಸಿಕ್ಕಿತು. ಆ ಇಬ್ಬರು ಹೆಂಗಸರು ಮೆಷಿನ್ ಬಗ್ಗೆ ಇದ್ದ ಅನುಮಾನವನ್ನು ನನ್ನ ಹತ್ತಿರ ಹೇಳಿದ್ದು ಅದಾದ ವಾರದಲ್ಲಿ. ಮೆಷಿನ್ ಪರೀಕ್ಷೆ ಮಾಡಿಸಿದೆವು. ನಿಜವಾಗಿಯೂ ಸ್ವಲ್ಪ ಕಡಿಮೆ ತೋರಿಸುತ್ತಿತ್ತು.

ಈಗ ನಿಮ್ಮ ಸೀನಿಯರ್. ಅವರನ್ನು ಸುಮ್ಮನಾಗಿಸುವುದು ಹೇಗೆ ಅಂತ ನಾನು ಹೇಳಿಕೊಡುವುದಿಲ್ಲ, ಗೊತ್ತಿದ್ದರೂ. ನಮ್ಮ ಹಾಲಿನ ಲೋಕದ ಒಂದು ಜೋಡಿಯನ್ನು ನೋಡಿ. ಗುಜರಾತಿನ ಖೇಡಾದಲ್ಲಿ 1946ರಲ್ಲಿ ಹಾಲಿನ ಒಕ್ಕೂಟ ಕಟ್ಟಲು ಹಳ್ಳಿ ಹಳ್ಳಿ ಸುತ್ತಿದವರು ತ್ರಿಭುವನದಾಸ್ ಪಟೇಲ್. ಅದೇ ಆಮೇಲೆ ಅಮುಲ್ ಆಯಿತು. 1949ರಲ್ಲಿ ಅಲ್ಲಿನ ಆನಂದ್ ಊರಿಗೆ ಸರ್ಕಾರಿ ಕೆಲಸಕ್ಕೆ ಬಂದ ಎಂಜಿನಿಯರ್ ವರ್ಗೀಸ್ ಕುರಿಯನ್, ಮುಂದೆ ಅಮುಲ್ ಬೆಳೆಸಿದವರು, ಊರು ಬಿಟ್ಟು ಹೊರಟಿದ್ದರು, ಅವರನ್ನು ಹಿಡಿದು ನಿಲ್ಲಿಸಿಕೊಂಡವರೂ ಪಟೇಲರೇ. ಕುರಿಯನ್ ಮಾತು ಎಷ್ಟು ಖಾರ ಅಂತ ದೇಶಕ್ಕೇ ಗೊತ್ತು, ಮಂತ್ರಿಗಳನ್ನೂ ಬಿಟ್ಟವರಲ್ಲ. ಅಂಥವರನ್ನು ಕೆಲಸ ಮಾಡಲು ಬಿಟ್ಟು, ರಾಜಕೀಯದ ಕಿರಿಕಿರಿಯನ್ನು ತಾವು ನೋಡಿಕೊಂಡು, ಎರಡು ದಶಕ ಪಟೇಲರು ಅಧ್ಯಕ್ಷರಾಗಿದ್ದರು. ಇವತ್ತು ಎಲ್ಲರೂ ಕುರಿಯನ್ ಹೆಸರು ಹೇಳುತ್ತಾರೆ, ಪಟೇಲರ ಹೆಸರು ಹೇಳುವವರು ಕಡಿಮೆ. ಆದರೆ ಅವರು ನಿವೃತ್ತರಾದಾಗ ರೈತರು ತಲೆಗೆ ಒಂದು ರೂಪಾಯಿಯಂತೆ ಹಾಕಿ 6 ಲಕ್ಷ ರೂಪಾಯಿ ಕೊಟ್ಟರು. ಅದನ್ನೂ ಅವರು ಹಳ್ಳಿಯ ತಾಯಿ ಮಕ್ಕಳ ಆರೋಗ್ಯ ನೋಡುವ ಒಂದು ಸಂಸ್ಥೆಗೆ ಹಾಕಿಬಿಟ್ಟರು. ನಾಯಕನ ಗುಣ ಅಂತ ನನ್ನನ್ನು ಕೇಳಿದರೆ ನಾನು ತೋರಿಸುವುದು ಕುರಿಯನ್ನರನ್ನಲ್ಲ, ಪಟೇಲರನ್ನು. ಇದಕ್ಕೆ ನನ್ನ ಜೊತೆ ಜಗಳ ಆಡುವವರು ಬಹಳ ಜನ ಇದ್ದಾರೆ, ಇರಲಿ.

ನಿಮ್ಮ ಸೀನಿಯರ್ ಕುರಿಯನ್ ಅಂತೇನೂ ನಾನು ಹೇಳುತ್ತಿಲ್ಲ, ಸುಮ್ನೆ ಕಿರಿಕಿರಿ ಮನುಷ್ಯನೂ ಇರಬಹುದು. ಅದು ಗೊತ್ತಾಗಬೇಕಾದರೆ ಕೇಳಬೇಕಲ್ವಾ? ಈ ವಾರ ಮೀಟಿಂಗ್‌ನಲ್ಲಿ ಅಲ್ಲ, ಬೇರೆಯಾಗಿ ಟೀ ಕುಡಿಯುವಾಗ ಕೇಳಿ: ನಮ್ಮ ಕೆಲಸದಲ್ಲಿ ಯಾವುದು ಮೊದಲು ಕೈಕೊಡುತ್ತೆ ಅನಿಸುತ್ತೆ ನಿಮಗೆ? ಹತ್ತು ಹೇಳುತ್ತಾರೆ. ಏಳು ಬರೀ ಗೊಣಗಾಟ ಆಗಿರಬಹುದು. ಒಂದನ್ನಾದರೂ ಹಿಡಿದು ನೋಡಿ. ಸರಿ ಮಾಡಿದರೆ ಸರಿ ಮಾಡಿದ್ದೇವೆ ಅಂತ ಅವರಿಗೆ ಹೇಳಿ. ಮಾಡಲು ಆಗದಿದ್ದರೆ ಯಾಕೆ ಆಗಲಿಲ್ಲ ಅಂತಲೂ ಹೇಳಿ, ಇದನ್ನು ಬಹಳ ಜನ ಮರೆಯುತ್ತಾರೆ. ಟೀಮ್‌ನ ಉಳಿದ ಏಳು ಜನ ದೂರದಿಂದಲೇ ಇದನ್ನೆಲ್ಲ ನೋಡುತ್ತಿರುತ್ತಾರೆ. ನಿಮ್ಮ ಹತ್ತಿರ ಬರಬೇಕೋ ಬೇಡವೋ ಅಂತ ಅವರು ತೀರ್ಮಾನ ಮಾಡುವುದು ಅದರ ಮೇಲೆ.

ಅವರು ಹೇಳಿದ್ದು ಏನು ಅಂತ ಬಂದು ಬರೆಯಿರಿ, ನನಗೆ ಕುತೂಹಲ ಇದೆ.