ಹುತ್ತರಿ ರಜೆಯ ರಸ್ತೆ ಓಟದಲ್ಲಿ 64 ವರ್ಷದ ತಂದೆ ಮಗನ ಪಕ್ಕದಲ್ಲೇ ಓಡಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ನಿಮಗೆ 64 ವರ್ಷ, ಊರು ವಿರಾಜಪೇಟೆಯ ಕಡೆ, ಬೆಳಗ್ಗೆ ಓಡುವ ಅಭ್ಯಾಸ ಮೊದಲಿನಿಂದಲೂ ಇದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಿ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಬೆಂಗಳೂರಿನಿಂದ ಮಗ, ಸೊಸೆ ಮತ್ತು 12 ವರ್ಷದ ಮೊಮ್ಮಗಳು ಮನೆಗೆ ಬರುತ್ತಾರೆ. ಹಬ್ಬ ಕಳೆದ ಭಾನುವಾರ ಮಡಿಕೇರಿಯಲ್ಲಿ ನಡೆಯುವ 10 ಕಿಲೋಮೀಟರ್ ರಸ್ತೆ ಓಟಕ್ಕೆ ಎಲ್ಲರ ಹೆಸರನ್ನೂ ಕೊಡೋಣ, ತಾನು ಅಪ್ಪನ ಪಕ್ಕದಲ್ಲೇ ಓಡುತ್ತೇನೆ ಎಂದು ಮಗ ಹೇಳುತ್ತಿದ್ದಾರೆ. ಅವರ ಜೊತೆಗೇ ಓಡಬೇಕೇ, ನಿಮ್ಮ ಪಾಡಿಗೆ ನೀವು ಓಡಬೇಕೇ, ಅಥವಾ ಈ ವಯಸ್ಸಿನಲ್ಲಿ ರಸ್ತೆಯ ಬದಿಯಲ್ಲಿ ನಿಂತು ನೋಡುವುದೇ ಲೇಸೇ ಎಂಬುದು ನಿಮ್ಮ ಗೊಂದಲ.

ನನಗೆ 66 ವರ್ಷ. ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ, ಮಡಿಕೇರಿಗೆ ಹತ್ತಿರದಲ್ಲಿ ವಾಸವಾಗಿದ್ದೇನೆ. ರಜೆಗೆ ಮಗಳು, ಅಳಿಯ ಮತ್ತು ಮೊಮ್ಮಗ ಬಂದಾಗ ಇಂತಹ ಓಟಗಳಲ್ಲಿ ನಾವೆಲ್ಲರೂ ಹೆಸರು ಕೊಡುತ್ತೇವೆ. ಆ ಅನುಭವದಿಂದ ನಾನು ಕೊಡುವ ಉತ್ತರ ಇಷ್ಟು: ನೀವು ಖಂಡಿತವಾಗಿ ಓಡಿ, ಸ್ಪರ್ಧಿಯಾಗಿಯೇ ಓಡಿ, ಆದರೆ ಮಗನ ಪಕ್ಕದಲ್ಲಿ ಓಡಬೇಡಿ. ಓಟ ಶುರುವಾಗುವ ಮುನ್ನ ಒಟ್ಟಿಗಿರಿ, ಮುಗಿದ ಮೇಲೆ ಒಟ್ಟಿಗಿರಿ. ನಡುವಿನ ಒಂದು ಗಂಟೆ ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿನ ಲೆಕ್ಕದಲ್ಲಿ ಓಡಲಿ.

ಕುಟುಂಬವೆಂದ ಮೇಲೆ ಒಟ್ಟಿಗೆ ಆಡಬೇಕು ಎಂಬ ಭಾವನೆ ನಮ್ಮ ಜಿಲ್ಲೆಯಲ್ಲಿ ಬಲವಾಗಿರುವುದು ಸಹಜ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೇ ಮನೆತನದ ಹಿರಿಯರು, ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಹುಡುಗರು ಒಂದೇ ತಂಡದಲ್ಲಿ ಆಡುವುದನ್ನು ನೀವು ನನಗಿಂತ ಹತ್ತಿರದಿಂದ ನೋಡಿರುತ್ತೀರಿ. ಆದರೆ ಹಾಕಿಯಲ್ಲಿ ಹಿರಿಯರು ಓಡಲಾಗದ ಅಂತರವನ್ನು ಕಿರಿಯರು ಓಡಿ ತುಂಬಿಕೊಡುತ್ತಾರೆ, ಹಿರಿಯರ ಅನುಭವ ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ. ರಸ್ತೆ ಓಟದಲ್ಲಿ ಅಂತಹ ಹಂಚಿಕೆಗೆ ಅವಕಾಶವೇ ಇಲ್ಲ. ನಿಮ್ಮ 10 ಕಿಲೋಮೀಟರನ್ನು ನಿಮ್ಮ ಕಾಲುಗಳೇ ಕ್ರಮಿಸಬೇಕು. ಆದ್ದರಿಂದ ಮೈದಾನದ ಒಗ್ಗಟ್ಟನ್ನು ಹಾಗೆಯೇ ರಸ್ತೆಗೆ ತಂದರೆ ಇಬ್ಬರಿಗೂ ನಷ್ಟವಾಗುತ್ತದೆ.

ಹೇಗೆ ನಷ್ಟ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಯಸ್ಸಾದಂತೆ ಹೃದಯ ಬಡಿಯಬಲ್ಲ ಗರಿಷ್ಠ ವೇಗ ಕಡಿಮೆಯಾಗುತ್ತದೆ, ಇದನ್ನು ಯಾವ ತರಬೇತಿಯೂ ತಡೆಯಲಾರದು. ಈಗ ಹೆಚ್ಚಾಗಿ ಬಳಸುವ ಸೂತ್ರದ ಪ್ರಕಾರ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆದರೆ ಅಂದಾಜು ಗರಿಷ್ಠ ನಾಡಿಬಡಿತ ಸಿಗುತ್ತದೆ. ಅದು ನಿಮಗೆ ಸುಮಾರು 163. ನಿಮ್ಮ ಮಗನಿಗೆ 35 ವರ್ಷ ಎಂದುಕೊಂಡರೆ ಅವರಿಗೆ ಸುಮಾರು 183. ಇದು ಸರಾಸರಿಯ ಲೆಕ್ಕ, ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಬಡಿತಕ್ಕೂ ಹೆಚ್ಚು ವ್ಯತ್ಯಾಸ ಇರಬಹುದು, ಆದರೂ ತಂದೆ ಮಗನ ನಡುವಿನ ಅಂತರವನ್ನು ತೋರಿಸಲು ಸಾಕು. ಇಬ್ಬರ ನಾಡಿಯೂ 150ರಲ್ಲಿದ್ದಾಗ ಮಗ ತನ್ನ ಮಿತಿಯಿಂದ ಸಾಕಷ್ಟು ಕೆಳಗಿದ್ದು ಒಂದೆರಡು ವಾಕ್ಯ ಮಾತನಾಡಬಲ್ಲರು, ನೀವು ಮಾತ್ರ ನಿಮ್ಮ ಮಿತಿಯ ಹೊಸ್ತಿಲಿನಲ್ಲಿ ಇರುತ್ತೀರಿ. ಇದರ ಮೇಲೆ, ಜೊತೆಯಲ್ಲಿ ಓಡುವ ಕಿರಿಯರು ತಮಗೆ ಅರಿವಿಲ್ಲದೆಯೇ ಅರ್ಧ ಹೆಜ್ಜೆ ಮುಂದಿರುತ್ತಾರೆ. ಹಿರಿಯರು ಆ ಅರ್ಧ ಹೆಜ್ಜೆಯನ್ನು ಸರಿದೂಗಿಸಲು ವೇಗ ಹೆಚ್ಚಿಸುತ್ತಾರೆ, ಕಿರಿಯರೂ ಅದಕ್ಕೆ ತಕ್ಕಂತೆ ಹೆಚ್ಚಿಸುತ್ತಾರೆ, ಮೂರನೆಯ ಕಿಲೋಮೀಟರ್ ಮುಗಿಯುವಷ್ಟರಲ್ಲಿ ಇಬ್ಬರೂ ಬಯಸದಿದ್ದ ವೇಗಕ್ಕೆ ತಲುಪಿರುತ್ತಾರೆ. ಪ್ರೀತಿಯಿಂದ ಕಾವಲಿಗೆ ಬಂದ ಮಗನೇ ತಂದೆಯನ್ನು ದಣಿಸುವುದು ಹೀಗೆ, ಮತ್ತು ಇದರಲ್ಲಿ ಯಾರದೂ ತಪ್ಪಿರುವುದಿಲ್ಲ.

ಹಾಗೆಂದು ನಿಮ್ಮ ಓಟ ಮಗನ ಓಟಕ್ಕಿಂತ ಕಡಿಮೆಯದು ಎಂದು ದಯವಿಟ್ಟು ಭಾವಿಸಬೇಡಿ. ಬೇರೆ ಬೇರೆ ವಯಸ್ಸಿನ ಓಟಗಾರರನ್ನು ನ್ಯಾಯವಾಗಿ ಹೋಲಿಸಲು ಹಿರಿಯರ ಅಥ್ಲೆಟಿಕ್ಸ್‌ನಲ್ಲಿ ಒಂದು ಪದ್ಧತಿ ಇದೆ: ಆ ವಯಸ್ಸಿನ, ಆ ಲಿಂಗದ ಓಟಗಾರರಿಂದ ಸಾಧ್ಯವಾಗುವ ಅತ್ಯುತ್ತಮ ಸಮಯವನ್ನು ಮಾನದಂಡವಾಗಿಟ್ಟು, ನಿಮ್ಮ ಸಮಯ ಅದರ ಶೇಕಡಾ ಎಷ್ಟಕ್ಕೆ ಹತ್ತಿರ ಬಂದಿದೆ ಎಂದು ಲೆಕ್ಕ ಹಾಕುತ್ತಾರೆ. 60ನ್ನು ದಾಟಿದರೆ ಸ್ಥಳೀಯ ಮಟ್ಟ, 70ಕ್ಕೆ ಪ್ರಾದೇಶಿಕ ಮಟ್ಟ, 80ಕ್ಕೆ ರಾಷ್ಟ್ರೀಯ ಮಟ್ಟ, 90ಕ್ಕೆ ವಿಶ್ವ ಮಟ್ಟ ಎಂದು ಸ್ಥೂಲವಾಗಿ ಹೇಳುವ ರೂಢಿ ಇದೆ. ನೀವು 10 ಕಿಲೋಮೀಟರನ್ನು 60 ನಿಮಿಷದಲ್ಲಿ, 35ರ ಮಗ 52 ನಿಮಿಷದಲ್ಲಿ ಮುಗಿಸಿದರೆಂದು ಇಟ್ಟುಕೊಳ್ಳಿ. ಈ ಲೆಕ್ಕದಲ್ಲಿ ನಿಮಗೆ 55ರ ಆಸುಪಾಸು, ಅವರಿಗೆ 51ರ ಆಸುಪಾಸು ಬರುತ್ತದೆ. ಗಡಿಯಾರದಲ್ಲಿ ಎಂಟು ನಿಮಿಷ ಹಿಂದಿದ್ದರೂ ಉತ್ತಮವಾಗಿ ಓಡಿದವರು ನೀವೇ. ಈ ಲೆಕ್ಕ ಹಾಕಿಕೊಡುವ ಕ್ಯಾಲ್ಕುಲೇಟರ್‌ಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಮೊಮ್ಮಗನೇ ಎಲ್ಲರ ಸಮಯವನ್ನು ಹಾಕಿ ಫಲಿತಾಂಶ ಓದುತ್ತಾನೆ. ಅಜ್ಜಿಯೂ ಅಳಿಯನೂ ಒಂದೇ ಪಟ್ಟಿಯಲ್ಲಿ ಸಮಾನರಾಗಿ ನಿಲ್ಲುವುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಕೆನಡಾದ ಎಡ್ ವಿಟ್ಲಾಕ್ 2004ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, ಪೂರ್ಣ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದರು ಎಂಬುದನ್ನು ಮಗನಿಗೂ ಹೇಳಿ. ನಾವು ಅವರಂತೆ ಓಡುವುದಿಲ್ಲ, ಆದರೆ ವಯಸ್ಸಾದವರು ಓಟಕ್ಕೆ ಬರುವುದು ಬರೀ ಭಾಗವಹಿಸುವುದಕ್ಕೆ ಎಂಬ ಭಾವನೆ ತಪ್ಪೆಂದು ತಿಳಿಯಲು ಆ ಒಂದು ಸಮಯ ಸಾಕು.

ಹೆಸರು ಕೊಡುವಾಗ ವಯೋವರ್ಗದ ವಿಚಾರವನ್ನು ವಿಚಾರಿಸಿ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ 35ರಿಂದ ಪ್ರತಿ ಐದು ವರ್ಷಕ್ಕೊಂದು ವರ್ಗ ಇರುತ್ತದೆ. ಸಣ್ಣ ಊರಿನ ಓಟಗಳಲ್ಲಿ ಸಾಮಾನ್ಯವಾಗಿ 60 ದಾಟಿದವರಿಗೆಲ್ಲ ಸೇರಿ ಒಂದೇ ವರ್ಗ. ಐದು ವರ್ಷದ ವರ್ಗಗಳಿದ್ದರೆ ಈ ವರ್ಷ ನೀವು ನಿಮ್ಮ ವರ್ಗದಲ್ಲಿ ಅತಿ ಹಿರಿಯರು, ಮುಂದಿನ ವರ್ಷ ಅತಿ ಕಿರಿಯರು. 65 ತುಂಬುವುದಕ್ಕೆ ಸಂತೋಷಪಡುವ ಜನ ಓಟಗಾರರಲ್ಲಿ ಮಾತ್ರ ಸಿಗುತ್ತಾರೆ.

ಈಗ ಮಡಿಕೇರಿಯ ರಸ್ತೆಯ ವಿಷಯ. ಊರು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ವಿರಾಜಪೇಟೆಯವರಿಗೂ ಬೆಂಗಳೂರಿನವರಿಗೂ ಇದರಿಂದ ಉಸಿರಿಗೆ ಹೇಳಿಕೊಳ್ಳುವಂತಹ ತೊಂದರೆ ಇಲ್ಲ. ಎಲ್ಲರೂ ಏರನ್ನು ನೆನೆದು ಹೆದರುತ್ತಾರೆ, ಆದರೆ ನಮ್ಮ ವಯಸ್ಸಿನವರಿಗೆ ನಿಜವಾದ ಅಪಾಯ ಇಳಿಜಾರು. ಏರಿನಲ್ಲಿ ವೇಗ ತಾನಾಗಿಯೇ ತಗ್ಗುತ್ತದೆ, ಉಸಿರು ಎಚ್ಚರಿಸುತ್ತದೆ, ಬೇಕಾದರೆ ನಡೆಯಬಹುದು. ಇಳಿಜಾರಿನಲ್ಲಿ ಉಸಿರು ಸುಲಭವಾಗಿರುವುದರಿಂದ ಎಚ್ಚರಿಕೆಯೇ ಸಿಗುವುದಿಲ್ಲ. ಆದರೆ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುತ್ತದೆ. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಈ ರೀತಿಯ ಕೆಲಸದಿಂದಲೇ. ಅದರ ನೋವು ಓಟದ ದಿನ ತಿಳಿಯುವುದಿಲ್ಲ, ಒಂದರಿಂದ ಮೂರು ದಿನಗಳ ನಡುವೆ ಹೆಚ್ಚಾಗುತ್ತದೆ. ಇದಕ್ಕೆ ಒಳ್ಳೆಯ ಪರಿಹಾರವೊಂದಿದೆ. ಓಟಕ್ಕೆ ಎರಡು ಮೂರು ವಾರ ಮೊದಲು ಒಂದು ಸಾಧಾರಣ ಇಳಿಜಾರಿನಲ್ಲಿ ಸ್ವಲ್ಪ ಹೊತ್ತು ನಿಧಾನವಾಗಿ ಓಡಿ ಅಭ್ಯಾಸ ಮಾಡಿದರೆ ಸ್ನಾಯು ಹೊಂದಿಕೊಳ್ಳುತ್ತದೆ, ಮತ್ತು ಆ ರಕ್ಷಣೆ ಕೆಲವು ವಾರಗಳವರೆಗೆ ಉಳಿಯುತ್ತದೆ. ಓಟದ ದಿನ ಇಳಿಯುವಾಗ ಹೆಜ್ಜೆಗಳನ್ನು ಚಿಕ್ಕದಾಗಿಸಿ, ಬೇಗ ಬೇಗ ಇಡಿ. ಹಿಮ್ಮಡಿಯನ್ನು ಮುಂದಕ್ಕೆ ಚಾಚಿ ತಡೆ ಹಾಕಬೇಡಿ. ಡಿಸೆಂಬರ್ ಆಸುಪಾಸಿನ ಬೆಳಗಿನಲ್ಲಿ ಮರಗಳ ನೆರಳಿರುವ ಕಡೆ ಮಂಜು ಬಿದ್ದು ರಸ್ತೆ ಒದ್ದೆಯಾಗಿರುತ್ತದೆ, ಅಂಚಿನಲ್ಲಿ ಪಾಚಿಯೂ ಇರಬಹುದು, ಆದ್ದರಿಂದ ತಿರುವುಗಳಲ್ಲಿ ಒಳ ಅಂಚನ್ನು ಬಿಟ್ಟು ಓಡುವುದು ಕ್ಷೇಮ.

ಅಭ್ಯಾಸದ ಬಗ್ಗೆ ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನೀವು ಬೆಳಕು ಹರಿಯುವ ಮುನ್ನ ಓಡುವುದಾಗಿ ಬರೆದಿದ್ದೀರಿ. ಭತ್ತ ಮಾಗುವ ಈ ತಿಂಗಳುಗಳಲ್ಲಿ ಕಾಡಾನೆಗಳು ಗದ್ದೆಗಳಿಗೂ ತೋಟಗಳಿಗೂ ಇಳಿಯುತ್ತವೆ. ದಕ್ಷಿಣ ಕೊಡಗಿನ ತೋಟದ ರಸ್ತೆಗಳಲ್ಲಿ ಕತ್ತಲಲ್ಲಿ ಒಬ್ಬರೇ ಓಡುವುದು ಯಾವ ಹೃದ್ರೋಗಕ್ಕಿಂತಲೂ ಹತ್ತಿರದ ಅಪಾಯ. ಪೂರ್ಣ ಬೆಳಕಾದ ಮೇಲೆ ಊರೊಳಗಿನ ರಸ್ತೆಯಲ್ಲೋ ಶಾಲೆಯ ಮೈದಾನದಲ್ಲೋ ಓಡಿ. ಕಿವಿಗೆ ಹಾಡು ಹಾಕಿಕೊಳ್ಳಬೇಡಿ.

ರಕ್ತದೊತ್ತಡದ ಮಾತ್ರೆಗೆ ಬರೋಣ. ನಾನು ವೈದ್ಯೆಯಲ್ಲ, ಆದ್ದರಿಂದ ನಿಮ್ಮ ವೈದ್ಯರನ್ನು ಓಟಕ್ಕೆ ಮುಂಚೆ ಕಾಣಲೇಬೇಕು. ಸ್ಪರ್ಧೆಯಲ್ಲಿ ಓಡುತ್ತಿದ್ದೇನೆ ಎಂದು ಸ್ಪಷ್ಟವಾಗಿ ಹೇಳಿ, ಟ್ರೆಡ್‌ಮಿಲ್ ಮೇಲಿನ ಹೃದಯ ಪರೀಕ್ಷೆ ಬೇಕೇ ಎಂದು ಕೇಳಿ. ನಿಮ್ಮ ಮಾತ್ರೆ ಅಟೆನೊಲಾಲ್, ಮೆಟೊಪ್ರೊಲಾಲ್ ಗುಂಪಿನದಾಗಿದ್ದರೆ ಅದು ನಾಡಿಬಡಿತವನ್ನೇ ತಗ್ಗಿಸುತ್ತದೆ. ಆಗ ಮೇಲೆ ಹೇಳಿದ ಸೂತ್ರವೂ ಕೈಗಡಿಯಾರ ತೋರಿಸುವ ಅಂಕಿಯೂ ನಿಮಗೆ ಅನ್ವಯಿಸುವುದಿಲ್ಲ, ಉಸಿರನ್ನೇ ನಂಬಬೇಕು. ಮೂತ್ರ ಹೆಚ್ಚಿಸುವ ಮಾತ್ರೆಯಾಗಿದ್ದರೆ ನೀರಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ವಯಸ್ಸಾದಂತೆ ಬಾಯಾರಿಕೆಯ ಸೂಚನೆಯೂ ತಡವಾಗಿ ಬರುತ್ತದೆ. ಮಂಡಿನೋವಿಗೆಂದು ಓಟದ ಬೆಳಗ್ಗೆ ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ನುಂಗುವ ಅಭ್ಯಾಸ ಕೆಲವರಲ್ಲಿದೆ. ರಕ್ತದೊತ್ತಡ ಇರುವವರಿಗೆ ಇದು ಮೂತ್ರಪಿಂಡಕ್ಕೆ ಹಾನಿಕರ, ಖಂಡಿತ ಬೇಡ. ಓಡುವಾಗ ಎದೆಯಲ್ಲಿ ಒತ್ತಡ, ತೋಳಿಗೋ ದವಡೆಗೋ ಹರಿಯುವ ನೋವು, ತಲೆ ಸುತ್ತು ಅಥವಾ ವೇಗಕ್ಕೆ ಮೀರಿದ ಏದುಸಿರು ಕಂಡರೆ ಅಲ್ಲೇ ನಿಂತು ಸ್ವಯಂಸೇವಕರನ್ನು ಕರೆಯಿರಿ. ಮುಗಿಸುವ ಗೆರೆ ನೂರು ಮೀಟರ್ ದೂರದಲ್ಲಿದ್ದರೂ ನಿಲ್ಲಬೇಕು.

ಹುತ್ತರಿಯ ಕಾಲವಾದ್ದರಿಂದ ಊಟ ಮತ್ತು ನಿದ್ರೆಯ ಮಾತೂ ಬರುತ್ತದೆ. ಕದಿರು ತೆಗೆಯುವ ಮುಹೂರ್ತ ರಾತ್ರಿ ಬರುತ್ತದೆ, ಊಟ ಮುಗಿಯುವಾಗ ಬಹಳ ಹೊತ್ತಾಗುತ್ತದೆ, ಮಾರನೆಯ ದಿನ ಕೋಲಾಟ, ನೆಂಟರು. ಹಬ್ಬವನ್ನು ಓಟಕ್ಕಾಗಿ ಮೊಟಕುಗೊಳಿಸಬೇಡಿ. ಹೊಸ ಅಕ್ಕಿಯ ಪಾಯಸವನ್ನೂ ತಂಬಿಟ್ಟನ್ನೂ ಮನಸಾರೆ ತಿನ್ನಿ. ಓಟದ ಹಿಂದಿನ ದಿನವೊಂದು ಮಾತ್ರ ನಿಮ್ಮದಾಗಿರಲಿ: ರಾತ್ರಿ ಪಂದಿ ಕರಿಯಂತಹ ಭಾರವಾದ ಊಟ ಬೇಡ, ಎಂದಿನ ಅನ್ನ ಸಾರೋ ಅಕ್ಕಿ ರೊಟ್ಟಿಯೋ ಸಾಕು, ಬೇಗ ಮಲಗಿ. ಬೆಳಗ್ಗೆ ಒಂದು ಬಾಳೆಹಣ್ಣು, ರೂಢಿಯಿದ್ದರೆ ಬೆಲ್ಲದ ಕಾಫಿ. ಶೀತದಲ್ಲಿ ನಮ್ಮ ಕೀಲುಗಳು ಸಡಿಲಗೊಳ್ಳಲು ಕಿರಿಯರಿಗಿಂತ ಹೆಚ್ಚು ಹೊತ್ತು ಬೇಕು, ಆದ್ದರಿಂದ ಹದಿನೈದು ನಿಮಿಷ ಚುರುಕಾಗಿ ನಡೆದು ನಂತರ ಮೆಲ್ಲನೆ ಓಡಿ ಮೈ ಕಾಯಿಸಿಕೊಳ್ಳಿ, ಸ್ವೆಟರನ್ನು ಕೊನೆಯ ಗಳಿಗೆಯಲ್ಲಿ ತೆಗೆಯಿರಿ.

ಸಾಲಿನಲ್ಲಿ ಹಿಂಭಾಗದಲ್ಲಿ ನಿಲ್ಲಿ. ಮೊದಲ ಎರಡು ಕಿಲೋಮೀಟರ್ ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತನಾಡುವಷ್ಟು ನಿಧಾನವಾಗಿರಲಿ, ನಡುವೆ ಎರಡು ಮೂರು ಪದಗಳಿಗೆ ಇಳಿಯಲಿ, ಶಕ್ತಿ ಉಳಿದಿದ್ದರೆ ಕೊನೆಯ ಎರಡು ಕಿಲೋಮೀಟರಿನಲ್ಲಿ ಮನಸ್ಸಿಟ್ಟು ಸ್ಪರ್ಧಿಸಿ. ಹೀಗೆ ಓಡಿದವರು ಕೊನೆಯಲ್ಲಿ ಹಲವರನ್ನು ಹಿಂದೆ ಹಾಕುತ್ತಾರೆ, ಅದರ ಸುಖವೇ ಬೇರೆ.

ಮಗನಿಗೆ ನೋವಾಗದಂತೆ ಹೇಳುವುದು ಹೇಗೆ ಎಂದು ಕೇಳಿದ್ದೀರಿ. ಅವರಿಗೆ ಬೇರೆ ಹೊಣೆ ಕೊಡಿ. 12 ವರ್ಷದ ಮೊಮ್ಮಗಳಿಗೆ 10 ಕಿಲೋಮೀಟರ್ ಈಗಲೇ ಬೇಡ; ಕಿರು ಓಟ ಇದ್ದರೆ ಅವಳ ಹೆಸರನ್ನು ಅದಕ್ಕೆ ಕೊಡಿಸಿ, ಹೊತ್ತು ಬೇರೆಯಿದ್ದರೆ ಮಗನೋ ಸೊಸೆಯೋ ಅವಳ ಜೊತೆ ಓಡಲಿ. ಮಕ್ಕಳಿಗೆ ಜೊತೆ ನಿಜವಾಗಿಯೂ ಬೇಕು, ಏಕೆಂದರೆ ಅವರು ಮೊದಲ ಐನೂರು ಮೀಟರಿನಲ್ಲೇ ಎಲ್ಲ ಶಕ್ತಿಯನ್ನೂ ಖರ್ಚು ಮಾಡಿಬಿಡುತ್ತಾರೆ. ತಮ್ಮ ಓಟ ಮುಗಿಸಿದ ಮಗ ಕೊನೆಯ ಏರಿನ ಬಳಿಗೆ ಹಿಂತಿರುಗಿ, ರಸ್ತೆಯ ಬದಿಯಲ್ಲಿ ನಿಂತು ನಿಮ್ಮನ್ನು ಹುರಿದುಂಬಿಸಬಹುದು. ಆದರೆ ಎದೆಯ ಸಂಖ್ಯಾಪಟ್ಟಿಯಲ್ಲಿ ಚಿಪ್ ಇದ್ದರೆ ಅದನ್ನು ತೆಗೆದಿಟ್ಟು ಬರಲಿ, ಮತ್ತೊಮ್ಮೆ ಗೆರೆಯ ಮೇಲಿನ ಚಾಪೆ ದಾಟಿದರೆ ಸಮಯದ ದಾಖಲೆ ಗೊಂದಲವಾಗುತ್ತದೆ. ಎಲ್ಲರೂ ಸೇರುವ ಜಾಗವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಅಲ್ಲಿ ನಿಮ್ಮ ಒಣ ಬಟ್ಟೆಯ ಚೀಲ ಇರಲಿ. ಬೆವರಿದ ಮೈಯಲ್ಲಿ ಮಡಿಕೇರಿಯ ಗಾಳಿಗೆ ನಿಲ್ಲುವುದು ಒಳ್ಳೆಯದಲ್ಲ.

ಅಂದೇ ಮಧ್ಯಾಹ್ನ ಅವರು ಬೆಂಗಳೂರಿಗೆ ಹೊರಡುವುದಾದರೆ ದಾರಿಯಲ್ಲಿ ಒಂದೆರಡು ಕಡೆ ಕಾರು ನಿಲ್ಲಿಸಿ ಹತ್ತು ನಿಮಿಷ ನಡೆಯಲು ಹೇಳಿ, ಓಡಿದ ಕಾಲುಗಳನ್ನು ಗಂಟೆಗಟ್ಟಲೆ ಮಡಚಿ ಕೂರಬಾರದು. ನೀವು ಸೋಮವಾರ ಮತ್ತು ಮಂಗಳವಾರ ಸಮತಟ್ಟಾದ ರಸ್ತೆಯಲ್ಲಿ ನಡೆಯಿರಿ, ಮೆಟ್ಟಿಲಿಳಿಯುವಾಗ ತೊಡೆ ನೋಯುವುದು ಪೂರ್ತಿ ನಿಂತ ಮೇಲೆಯೇ ಮತ್ತೆ ಓಡಲು ಶುರು ಮಾಡಿ.